ಚೂರ್ಣಪ್ಪನವರು

ಹಿಂದಿನ ಕಾಲದಲ್ಲಿ ಗ್ರಾಮವೊಂದಕ್ಕೆ ಗ್ರಾಮವೆಂಬ ಗೌರವವನ್ನು ತಂದುಕೊಡುತ್ತಿದ್ದವರೆಂದರೆ ಪಟೇಲರು, ಶಾನುಭೋಗರು, ಪುರೋಹಿತರು, ನಾಟಿವೈದ್ಯರು ಮತ್ತು ಬಂದ ಕಾಗದವನ್ನು ಓದಿ ಹೇಳಬಲ್ಲ ನನ್ನಂತಹ ಉಪಾಧ್ಯಾಯರು. ಈ ಐವರ ಸಾಲಿಗೆ ಇತ್ತೀಚೆಗೆ ಆರನೆಯವರಾಗಿ ಬಂದು ಕುಳಿತಿರುವವರು, ಬೆಂಗಳೂರಿನಲ್ಲಿ ಕೆಲವು ವರ್ಷ ಕಂಪ್ಯೂಟರಿನ ಮುಂದೆ ತಪಸ್ಸು ಮಾಡಿ, ಬೆನ್ನುನೋವನ್ನೂ ವೈರಾಗ್ಯವನ್ನೂ ಏಕಕಾಲದಲ್ಲಿ ಸಂಪಾದಿಸಿಕೊಂಡು, ಕೊರೊನಾದ ವರ್ಷ ಹುಟ್ಟಿದೂರಿಗೆ ಮರಳಿ, ಅಜ್ಜಿಯ ಬಚ್ಚಲುಮನೆಯಲ್ಲಿ ತಮ್ಮ ಜೀವಿತದ ಧ್ಯೇಯವನ್ನು ಸಾಕ್ಷಾತ್ಕರಿಸಿಕೊಂಡ ನೈಸರ್ಗಿಕ ಸಾಬೂನು ತಯಾರಕರು. ಇವರು ಪಾಂಡವಪುರದಲ್ಲಿಯೂ ಇರುವರು, ನಾಗಮಂಗಲದಲ್ಲಿಯೂ ಇರುವರು. ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗಳ ದೆಸೆಯಿಂದ ಒಬ್ಬರಿಗೆ ಬದಲಾಗಿ ನಾಲ್ವರಿರುವರು. ನಮ್ಮ ಸಿಂಧಘಟ್ಟದ ಪಾಲಿಗೆ ಬಂದವರನ್ನು ಊರು ಚೂರ್ಣಪ್ಪನೆಂದು ಕರೆಯುತ್ತದೆ. ಹೆತ್ತವರು ಇಟ್ಟ ಹೆಸರು ಬೇರೆಯೇ ಉಂಟು. ಅದು ಈಗ ಆಧಾರ್ ಕಾರ್ಡಿನಲ್ಲಿ ಮಾತ್ರ ಬಳಕೆಯಲ್ಲಿದೆ.

ಚೂರ್ಣಪ್ಪನವರು ಬರುವುದಕ್ಕೆ ಮುಂಚೆ ಅವರ ಪರಿಮಳವು ಬರುತ್ತದೆ. ಲಾವಂಚದ ವಾಸನೆ ಬಂದರೆ ಸ್ನಾನದ ಪುಡಿಯ ದಿನವೆಂದೂ, ಬೇವಿನ ಕಹಿಗಾಳಿ ಬೀಸಿದರೆ ಸೋಪಿನ ದಿನವೆಂದೂ, ಗರುಗದ ಸೊಪ್ಪು ಕೊಬ್ಬರಿ ಎಣ್ಣೆಯಲ್ಲಿ ಕುದಿಯುವ ಘಾಟು ಬೀದಿಯ ತಿರುವಿನಲ್ಲಿಯೇ ಮೂಗಿಗಡರಿದರೆ ಕೇಶತೈಲದ ದಿನವೆಂದೂ ನಾವು ಪಂಚಾಂಗದ ನೆರವಿಲ್ಲದೆ ತಿಳಿದುಕೊಳ್ಳುವೆವು. ಅವರ ತಲೆಗೂದಲು ದಟ್ಟವಾಗಿ, ಕಪ್ಪಾಗಿ, ನೋಡುವವರಿಗೆ ಅಸೂಯೆ ಹುಟ್ಟಿಸುವಂತಿದೆ. ಅದು ತಮ್ಮ ತೈಲದ ಪ್ರಭಾವವೆಂದು ಅವರು ಗಿರಾಕಿಗಳಿಗೆ ವಿನಯದಿಂದ ಅರಿಕೆ ಮಾಡುವರು. ಅವರ ತಂದೆಗೂ ತಾತನಿಗೂ ಅಂಥದೇ ಕೂದಲಿತ್ತೆಂಬುದನ್ನೂ, ಅವರಿಬ್ಬರೂ ವರ್ಷಕ್ಕೊಮ್ಮೆ ದೀಪಾವಳಿಯಲ್ಲಿ ಒತ್ತಾಯಕ್ಕೆ ಹರಳೆಣ್ಣೆ ಹಚ್ಚಿಸಿಕೊಂಡದ್ದನ್ನು ಬಿಟ್ಟರೆ ತಲೆಗೆ ಬೇರಾವ ಉಪಚಾರವನ್ನೂ ಕಂಡವರಲ್ಲವೆಂಬುದನ್ನೂ ಬಲ್ಲ ನಾವು ಆ ಸಂದರ್ಭದಲ್ಲಿ ದೇವಸ್ಥಾನದ ಕಡೆ ನೋಡುತ್ತ ನಿಲ್ಲುವೆವು.

ಅವರೊಡನೆ ಕುಶಲಪ್ರಶ್ನೆಯು ಅಸಾಧ್ಯ. ಮಳೆ ಹೇಗೆ, ಬೆಳೆ ಹೇಗೆ, ಹೇಮಾವತಿ ನಾಲೆಗೆ ನೀರು ಬಂತೇ ಎಂದು ನೀವು ಕೇಳುವಷ್ಟರಲ್ಲಿ ಅವರು ನಿಮ್ಮ ಮೊಣಕೈಯನ್ನು ಮೃದುವಾಗಿ ಹಿಡಿದು, ಚರ್ಮವನ್ನು ಬೆಳಕಿಗೆ ತಿರುಗಿಸಿ, “ಮೇಷ್ಟ್ರೇ, ತಾವು ಯಾವ ಸೋಪು ಹಚ್ತೀರಿ?” ಎಂದು ಪೊಲೀಸಿನವರು ಹಿಂದಿನ ರಾತ್ರಿ ಎಲ್ಲಿದ್ದೆಯೆಂದು ಕೇಳುವ ಸ್ವರದಲ್ಲಿ ಕೇಳುವರು. ನಾನು ಯಾವ ಹೆಸರನ್ನು ಹೇಳಿದರೂ ಬರುವ ಉತ್ತರ ಒಂದೇ: “ಕೆಮಿಕಲ್!” ಈ ಶಬ್ದವನ್ನು ಅವರು ಉಚ್ಚರಿಸುವಾಗ, ಹಿಂದೆ ನಮ್ಮ ಹಿರಿಯರು ಪ್ಲೇಗು ಎಂಬುದನ್ನು ಉಚ್ಚರಿಸುತ್ತಿದ್ದ ಗಾಂಭೀರ್ಯವು ಅವರ ಮುಖದಲ್ಲಿ ಮೂಡುತ್ತದೆ. ಅವರ ಸೋಪಿನ ಹೊದಿಕೆಯ ಮೇಲೆ ಎಲ್ಲಕ್ಕಿಂತ ದಪ್ಪಕ್ಷರದಲ್ಲಿರುವ ಮಾತೂ ಕೆಮಿಕಲ್ ರಹಿತವೆಂಬುದೇ.

ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳಿಗೆ ವಿಜ್ಞಾನವನ್ನು ಬೋಧಿಸಿದ ನನ್ನಂತಹವನು ಇದನ್ನು ಕೇಳಿ ಸುಮ್ಮನಿರುವುದು ಹೇಗೆ? ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸಾಬೂನು ಆಗದೆಂದೂ, ಒಂದು ಕಿಲೋ ಕೊಬ್ಬರಿ ಎಣ್ಣೆಯು ಪೂರ್ಣವಾಗಿ ಸಾಬೂನಾಗಬೇಕಾದರೆ ಸುಮಾರು 180 ಗ್ರಾಂ ಸೋಡಾ ಬೇಕೆಂದೂ, ಆ ಸೋಡಾ ಮರದಲ್ಲಿ ಬಿಡುವ ಫಲವಲ್ಲವೆಂದೂ ನಾನು ಒಮ್ಮೆ ಹೇಳಿದೆ. ಚೂರ್ಣಪ್ಪನವರು ತುಸುವೂ ವಿಚಲಿತರಾಗದೆ, “ಅದು ಕೊನೆಗೆ ಉಳಿಯೋದಿಲ್ಲ ಮೇಷ್ಟ್ರೇ, ಎಣ್ಣೆಯಲ್ಲಿ ಲೀನವಾಗಿಬಿಡುತ್ತೆ” ಎಂದರು. ಲೀನವಾಗುವುದೆಂಬುದು ವೇದಾಂತದ ಮಾತಾದರೂ ರಸಾಯನದಲ್ಲಿ ಅದು ಬಹುಮಟ್ಟಿಗೆ ಸತ್ಯ. ಲೆಕ್ಕ ಸರಿಯಾಗಿದ್ದಲ್ಲಿ ಸೋಡಾ ಉಳಿಯುವುದಿಲ್ಲ, ಸಾಬೂನೂ ಗ್ಲಿಸರಿನ್ನೂ ಉಳಿಯುತ್ತವೆ. ನ್ಯಾಯವಾಗಿ ಹೇಳಬೇಕಾದರೆ, ಈ ಲೆಕ್ಕದಲ್ಲಿ ಅವರನ್ನು ಮೀರಿಸುವವರು ನಮ್ಮ ಸೀಮೆಯಲ್ಲಿಲ್ಲ. ಕೈಗೆ ರಬ್ಬರಿನ ಗವಸು, ಕಣ್ಣಿಗೆ ಕನ್ನಡಕ. ಸೋಡಾವನ್ನು ನೀರಿಗೆ ಹಾಕುವರೇ ಹೊರತು ನೀರನ್ನು ಸೋಡಾಕ್ಕೆ ಸುರಿಯಲೊಲ್ಲರು. ಅಚ್ಚಿನಿಂದ ತೆಗೆದ ಸೋಪನ್ನು ಅಟ್ಟದ ಮೇಲೆ ನಾಲ್ಕು ವಾರ ಒಣಗಿಸದೆ ಸ್ವಂತ ಅತ್ತೆಯ ಮಗನಿಗೂ ಕೊಡರು. ಇಷ್ಟೆಲ್ಲ ರಸಾಯನಶಾಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡು ಆಚರಿಸಿ, ಹೊದಿಕೆಯ ಮೇಲೆ ಮಾತ್ರ ಅದನ್ನು ನಿರಾಕರಿಸುವ ಈ ವಿಚಿತ್ರ ನಾಸ್ತಿಕತೆಯೇ ನನಗೆ ಅರ್ಥವಾಗದ ಸಂಗತಿ.

ಮೈಸೂರು ಸಂಸ್ಥಾನದವರಿಗೆ ಈ ಸಂಕೋಚವಿರಲಿಲ್ಲ. ಮೊದಲ ಮಹಾಯುದ್ಧದ ದೆಸೆಯಿಂದ ಶ್ರೀಗಂಧದ ಮರ ಪರದೇಶಕ್ಕೆ ಹೋಗುವುದು ನಿಂತು ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರಲ್ಲಿ ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ ಏರ್ಪಾಡು ಮಾಡಿದರು. ಆ ಎಣ್ಣೆಯಿಂದ ಸಾಬೂನು ಮಾಡುವುದಕ್ಕೆ ಅವರು ಆಶ್ರಯಿಸಿದ್ದು ಪುರಾಣವನ್ನಲ್ಲ, ಎಸ್.ಜಿ. ಶಾಸ್ತ್ರಿಗಳೆಂಬ ರಸಾಯನವಿಜ್ಞಾನಿಯನ್ನು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಕಲಿತು ಬಂದರು. 1918ರ ಹೊತ್ತಿಗೆ ಮೈಸೂರು ಸ್ಯಾಂಡಲ್ ಸೋಪು ಹೊರಬಂದಿತು. ಆನೆಯ ತಲೆ, ಸಿಂಹದ ಮೈಯ ಶರಭವನ್ನು ಮುದ್ರೆಯಾಗಿ ಹಾಕಿಕೊಂಡರೇ ವಿನಾ, ಅದರೊಳಗೆ ರಸಾಯನವಿಲ್ಲವೆಂದು ಶಾಸ್ತ್ರಿಗಳು ಎಲ್ಲಿಯೂ ಬರೆಯಿಸಿದಂತೆ ಕಾಣೆ. ಇದನ್ನು ಹೇಳಿದಾಗ ಚೂರ್ಣಪ್ಪನವರು ಶಾಸ್ತ್ರಿಗಳ ಹೆಸರನ್ನು ಭಕ್ತಿಯಿಂದ ಬರೆದುಕೊಂಡು, ಮುಂದಿನ ವಾರದಿಂದ ತಮ್ಮ ಭಾಷಣದಲ್ಲಿ ‘ನಮ್ಮ ಪರಂಪರೆ’ ಎಂಬ ಅಧ್ಯಾಯಕ್ಕೆ ಅವರನ್ನು ಸೇರಿಸಿಬಿಟ್ಟರು.

ಆದರೆ ಊರಿಗೆ ಚೂರ್ಣಪ್ಪನವರ ನಿಜವಾದ ಪರಿಚಯವಾದದ್ದು ಸೋಪಿನಿಂದಲ್ಲ, ಸೀಗೇಕಾಯಿಯಿಂದ. ಹಿಟ್ಟಿನ ಮಿಲ್ಲಿನಲ್ಲಿ ಸೀಗೇಕಾಯಿ ಹಾಕಿಸುವುದಕ್ಕೆ ಒಂದು ಧರ್ಮಶಾಸ್ತ್ರವಿದೆಯೆಂಬುದು ಹಳ್ಳಿಯಲ್ಲಿ ಬೆಳೆದ ಓದುಗರಿಗೆ ತಿಳಿದೇ ಇದೆ: ಊರಿನ ರಾಗಿ, ಅಕ್ಕಿ, ಕಡಲೆ ಎಲ್ಲವೂ ಮುಗಿದ ಮೇಲೆ, ದಿನದ ಕಟ್ಟಕಡೆಗೆ, ಮಿಲ್ಲಿನವನು ಮೂಗಿಗೆ ಟವೆಲು ಕಟ್ಟಿಕೊಂಡು ಅದನ್ನು ಹಾಕಬೇಕು; ಹಾಕಿದ ಮೇಲೆ ಒಂದಿಷ್ಟು ಜೊಳ್ಳು ಕಾಳನ್ನು ಓಡಿಸಿ ಕಲ್ಲನ್ನು ಶುದ್ಧಿ ಮಾಡಬೇಕು. ಬೆಂಗಳೂರಿಗೆ ತುರ್ತಾಗಿ ಮಾಲು ಕಳುಹಿಸಬೇಕಾಗಿದ್ದ ಒಂದು ಬೆಳಿಗ್ಗೆ, ಮಿಲ್ಲಿನ ಯಜಮಾನರು ಕಾಫಿಗೆ ಹೋಗಿದ್ದ ಸಮಯವನ್ನು ಸಾಧಿಸಿ, ಅಲ್ಲಿದ್ದ ಹುಡುಗನನ್ನು ಮಾತಿನಿಂದ ಮರುಳುಮಾಡಿ, ಚೂರ್ಣಪ್ಪನವರು ಒಂದು ಮೂಟೆ ಸೀಗೇಕಾಯಿ, ಅರ್ಧ ಮೂಟೆ ಅಂಟುವಾಳ ಮತ್ತು ಮೆಂತ್ಯವನ್ನು ಹಾಕಿಸಿಕೊಂಡು ಹೊರಟುಹೋದರು. ಅವರ ಹಿಂದೆಯೇ ಮೂರು ಮನೆಯ ರಾಗಿ ಬಂದಿತು.

ಮಧ್ಯಾಹ್ನದವರೆಗೆ ಬೀದಿಗೆ ಬೀದಿಯೇ ಸೀನಿತು. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ರಾತ್ರಿ ಆ ಮೂರು ಮನೆಗಳಲ್ಲಿ ಎಸರಿಗೆ ಹಿಟ್ಟು ಬಿದ್ದೊಡನೆ ಪಾತ್ರೆಯಲ್ಲಿ ನೊರೆಯೆದ್ದಿತು. ಸೀಗೆಯಲ್ಲಿಯೂ ಅಂಟುವಾಳದಲ್ಲಿಯೂ ಸೆಪೋನಿನ್ ಎಂಬ ನೊರೆಗುಣದ ದ್ರವ್ಯವಿದ್ದು, ಬಿಸಿನೀರಿನಲ್ಲಿ ಕದಡಿದಾಗ ಅದು ಹಾಗಲ್ಲದೆ ಬೇರೆ ರೀತಿ ವರ್ತಿಸಲಾರದೆಂಬುದನ್ನು ನಾನು ತರಗತಿಯಲ್ಲಿ ಬಲ್ಲೆನಾದರೂ, ಮುದ್ದೆಯ ಕೋಲು ಹಿಡಿದು ನಿಂತ ಗೃಹಿಣಿಗೆ ಆ ಜ್ಞಾನದಿಂದ ಆಗುವ ಸಮಾಧಾನವು ಸ್ವಲ್ಪವೇ. ಒಂದು ಮನೆಯಲ್ಲಿ ದೃಷ್ಟಿ ತೆಗೆದರು. ಇನ್ನೊಂದರಲ್ಲಿ ಯಜಮಾನರು ಅವರೆಕಾಳಿನ ಸಾರಿನ ಬಲದಿಂದ ಅರ್ಧ ಮುದ್ದೆ ನುಂಗಿ, ಉಳಿದರ್ಧವನ್ನು ಕೈಯಲ್ಲಿ ಹಿಡಿದುಕೊಂಡೇ ಸಾಕ್ಷ್ಯಾರ್ಥವಾಗಿ ಬೀದಿಗೆ ಬಂದರು. ಮಾರನೆಯ ದಿನ ಅರಳಿಕಟ್ಟೆಯಲ್ಲಿ ನಡೆದ ವಿಚಾರಣೆಯಲ್ಲಿ, ಸೀಗೆಯ ಸೇವನೆಯಿಂದ ಕೋಷ್ಠಶುದ್ಧಿಯಾಗುವುದೆಂದು ಚೂರ್ಣಪ್ಪನವರು ವಾದಿಸುವುದಕ್ಕೆ ಉಪಕ್ರಮಿಸಿದರಾದರೂ, ಮುದ್ದೆಯನ್ನುಂಡ ಯಜಮಾನರು ಆ ಶುದ್ಧಿಯ ವಿವರವನ್ನು ಬಹಿರಂಗವಾಗಿ ಹೇಳಲು ಆರಂಭಿಸಿದ್ದರಿಂದ ಸಭೆಯು ಅವರ ವಾದವನ್ನು ತಿರಸ್ಕರಿಸಿ, ಮೂರೂ ಮನೆಗೆ ರಾಗಿ ಕಟ್ಟಿಕೊಡುವಂತೆ ತೀರ್ಮಾನಿಸಿತು. ಅವರು ಕಟ್ಟಿಕೊಟ್ಟರು, ಜೊತೆಗೆ ಮನೆಗೊಂದು ಸೋಪನ್ನೂ ಕೊಟ್ಟರು. ಚೂರ್ಣವೆಂಬ ಬಿರುದು ಆ ದಿನದ್ದು.

ಹೆಸರಿಡುವುದರಲ್ಲಿ ಅವರ ಪ್ರತಿಭೆ ಬೇರೆಯೇ ಬಗೆಯದು. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವು ಊರಿನಲ್ಲಿಯೇ ಇರಲು, ಕಡಲೆಹಿಟ್ಟಿನ ಸ್ನಾನಚೂರ್ಣಕ್ಕೆ ‘ಹೊಯ್ಸಳ’ ಎಂದು ಹೆಸರಿಟ್ಟದ್ದು ಸಹಜವೇ. ಆದರೆ ಅದರ ಮೇಲೆ ಅಚ್ಚಾದ ದರ್ಪಣಸುಂದರಿಯು ಬೇಲೂರಿನವಳು. 1117ರಲ್ಲಿ ಪ್ರತಿಷ್ಠೆಯಾದ ಗುಡಿಯ ಆ ಕನ್ನಡಿಯಾಕೆಯು ಇಷ್ಟು ಶತಮಾನ ಯಾವ ಚೂರ್ಣವನ್ನೂ ಹಚ್ಚದೆ ಮೈಕಾಂತಿಯನ್ನು ಉಳಿಸಿಕೊಂಡಿರುವಳೆಂದು ನಾನು ಹೇಳಿದಾಗ, “ಪ್ರೇರಣೆ ಮೇಷ್ಟ್ರೇ, ಪ್ರೇರಣೆ” ಎಂದರು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಸ್ನಾನಭೋಗಕ್ಕೆಂದೇ ಪ್ರಕರಣವುಂಟು, ತೈಲವೂ ಉದ್ವರ್ತನವೂ ಅಲ್ಲಿ ಬರುತ್ತವೆ ಎಂದು ನಾನು ತಿಳಿಸಿದ್ದೇ ತಡ, ಆ ಪುಡಿಯ ಬೆಲೆ ಹತ್ತು ರೂಪಾಯಿ ಏರಿತು.

ಮಲ್ಲಿಗೆಯ ಪ್ರಸಂಗವು ಕರುಣಾಜನಕ. ‘ಮೈಸೂರ ಮಲ್ಲಿಗೆ’ಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರು ನಮ್ಮ ತಾಲ್ಲೂಕಿನ ಕಿಕ್ಕೇರಿಯಲ್ಲಿ ಜನಿಸಿದವರಾದ ಕಾರಣ, ಆ ಹೂವಿನ ಸೋಪನ್ನು ಮಾಡುವ ಹಕ್ಕು ಹುಟ್ಟಿನಿಂದಲೇ ತಮಗೆ ಬಂದದ್ದೆಂದು ಚೂರ್ಣಪ್ಪನವರು ನಿರ್ಣಯಿಸಿದರು. ಕವಿತೆಗಳನ್ನು ಓದಿದ್ದೀರಾ ಎಂದರೆ ಸಿನಿಮಾ ನೋಡಿರುವೆನೆಂದರು. ಕುಕ್ಕೆಗಟ್ಟಲೆ ಮಲ್ಲಿಗೆ ಬಂದು ಸೋಡಾಮಿಶ್ರಿತ ಎಣ್ಣೆಯಲ್ಲಿ ಬಿದ್ದಿತು. ಹೂವಿನ ಸುಕುಮಾರ ಗಂಧವು ಅಂತಹ ಕ್ಷಾರದಲ್ಲಿ ಬದುಕುವುದಿಲ್ಲ. ಎಸಳುಗಳು ಕಂದುಬಣ್ಣಕ್ಕೆ ತಿರುಗಿ, ಸೋಪು ಬೇಯಿಸಿದ ಸೊಪ್ಪಿನ ವಾಸನೆ ಬೀರುತ್ತ ಹೊರಬಂದಿತು. ಎರಡು ದಿನ ಅವರು ಯಾರೊಡನೆಯೂ ಮಾತನಾಡಲಿಲ್ಲ. ಮುಂದಿನ ಮಲ್ಲಿಗೆ ಸೋಪು ಮಾತ್ರ ಮದುವೆಮನೆಯಂತೆ ಘಮಘಮಿಸುತ್ತಿತ್ತು. ಹೊದಿಕೆಯನ್ನು ಕನ್ನಡಕ ಹಾಕಿಕೊಂಡು ತಿರುವಿದಾಗ, ಮೂಲೆಯಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ‘ಪ್ರಕೃತಿಸದೃಶ ಪರಿಮಳ’ ಎಂದಿತ್ತು. ಇದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ಇದ್ದಿದ್ದರೆ ಆ ಒಂದು ಸಮಾಸದ ಮೇಲೆಯೇ ಲಘುಪ್ರಬಂಧವೊಂದನ್ನು ಬರೆಯುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಬೆಲ್ಲದ ಸೋಪಿನ ಕಥೆಯನ್ನು ನಾನು ಹೇಳುವುದಿಲ್ಲ. ಮಂಡ್ಯದ ಬೆಲ್ಲವನ್ನು ಮೈಗೆ ಹಚ್ಚುವುದರ ಫಲವನ್ನು ಇರುವೆಗಳೇ ಹೇಳಿದವು.

ಕಾನೂನಿನ ಭಯವು ಅವರಿಗೆ ತಡವಾಗಿ ಬಂದಿತು. ಪ್ರಸಾಧನ ಸಾಮಗ್ರಿಗಳನ್ನು ಮಾರಾಟಕ್ಕಾಗಿ ತಯಾರಿಸಲು 1940ರ ಅಧಿನಿಯಮದ ಮೇರೆಗೆ ಪರವಾನಗಿ ಬೇಕೆಂದೂ, ಅದಕ್ಕೆ 2020ರಲ್ಲಿ ಪ್ರತ್ಯೇಕ ನಿಯಮಾವಳಿಯೇ ಬಂದಿದೆಯೆಂದೂ ಪಟ್ಟಣದ ವಕೀಲರೊಬ್ಬರು ತಿಳಿಸಿದ ದಿನ ಅವರ ಮುಖದ ನೈಸರ್ಗಿಕ ಕಾಂತಿಯು ಇಳಿದಿತ್ತು. ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತನ್ನು ನಿಷೇಧಿಸುವ 1954ರ ಕಾಯಿದೆಯೊಂದು ಇರುವುದಾಗಿ ನಾನೂ ಸೇರಿಸಿದೆ. ಅಂದಿನಿಂದ ಅರ್ಜಿ ಕಚೇರಿಯಲ್ಲಿದೆ, ಮತ್ತು ಅವರ ಭಾಷೆಯು ಕಾವ್ಯಕ್ಕೆ ತಿರುಗಿದೆ. ಹಿಂದೆ ‘ಬೋಳುತಲೆಯಲ್ಲಿ ಕೂದಲು’ ಎಂದಿದ್ದ ಸೀಸೆಯ ಮೇಲೆ ಈಗ ‘ಕೇಶಕ್ಕೆ ಆನಂದ’ ಎಂದಿದೆ. ಆನಂದವನ್ನು ನಿಷೇಧಿಸುವ ಕಾಯಿದೆ ಇನ್ನೂ ಬಂದಿಲ್ಲ.

ಅವರ ಗಿರಾಕಿಗಳು ಯಾರೆಂದರೆ, ಜಯನಗರದಲ್ಲಿಯೂ ಅಮೆರಿಕದಲ್ಲಿಯೂ ನೆಲೆಸಿರುವ ನಮ್ಮೂರಿನ ಮಕ್ಕಳೇ. ಬಾಲ್ಯದಲ್ಲಿ ತಲೆಗೆ ಚಿಗರೆಪುಡಿ ಹಾಕಲು ಬಂದ ಅಜ್ಜಿಯ ಕೈಯಿಂದ ತಪ್ಪಿಸಿಕೊಂಡು ಊರೆಲ್ಲ ಓಡಿದವರು ಇಂದು ಅದೇ ಪುಡಿಯನ್ನು, ಅದೇ ಹಿತ್ತಿಲ ಬದುವಿನ ಮರದ ಎಲೆಯಿಂದ ಮಾಡಿದ್ದನ್ನು, ಕೊರಿಯರಿನ ವೆಚ್ಚವನ್ನೂ ಕೊಟ್ಟು ತರಿಸಿಕೊಂಡು, ಮಕ್ಕಳನ್ನು ಅಟ್ಟಿಸಿಕೊಂಡು ಹೋಗುತ್ತಿರುವರು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಚೂರ್ಣಪ್ಪನವರು ಅಭ್ಯಂಜನದ ಪೆಟ್ಟಿಗೆಯೊಂದನ್ನು ಸಿದ್ಧಪಡಿಸುವುದುಂಟು. ಅದರಲ್ಲಿ ಎಣ್ಣೆ, ಪುಡಿ, ಮಣ್ಣಿನ ಹಣತೆಗಳ ಜೊತೆಗೆ, ಸ್ನಾನ ಮಾಡುವುದು ಹೇಗೆಂಬ ಅಚ್ಚಿನ ಸೂಚನೆಯೂ ಇರುತ್ತದೆ.

ಆ ಸೂಚನೆಯನ್ನು ನಾನು ಗಟ್ಟಿಯಾಗಿ ಓದಿ ಹೇಳಿದಾಗ ಚೂರ್ಣಪ್ಪನವರ ತಾಯಿಯವರು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಈ ಉದ್ಯಮದ ಕರ್ತೃವೂ ಕಾರಣವೂ ಆಕೆಯೇ. ಯಾವ ಸೊಪ್ಪನ್ನು ನೆರಳಿನಲ್ಲಿ ಒಣಗಿಸಬೇಕು, ಯಾವುದನ್ನು ಬಿಸಿಲಿನಲ್ಲಿ, ಎಣ್ಣೆಯ ಹದ ಬಂದಿತೆಂದು ಬತ್ತಿಯ ಚಟಪಟ ಸದ್ದು ನಿಂತದ್ದರಿಂದ ತಿಳಿಯುವುದು ಹೇಗೆ, ಕಸ್ತೂರಿ ಅರಿಶಿನಕ್ಕೆ ಗ್ರಂಧಿಗೆ ಅಂಗಡಿಯವನು ಬೇರೆಯದನ್ನು ಬೆರೆಸಿದರೆ ಹಿಡಿಯುವುದು ಹೇಗೆ, ಇದೆಲ್ಲ ಇರುವುದು ಆಕೆಯ ಬೆರಳ ತುದಿಯಲ್ಲಿ. ಮಗನ ಪಾಲಿನದು ಸೋಡಾದ ಲೆಕ್ಕ, ಹೊದಿಕೆ ಮತ್ತು ಉಪನ್ಯಾಸ. “ಅಲ್ಲ ಮೇಷ್ಟ್ರೇ, ಸೀಗೇಪುಡೀಗೂ ಕಾಸು ಇಸ್ಕೊಳದಾ? ನಂ ಬೀದಿಯೋರ್ತಾವ? ಮಜ್ಜಿಗೆಗೆ ಕಾಸು ಕೇಳ್ದಂಗಾಯ್ತದಪ್ಪ!” ಎಂಬುದು ಆಕೆಯ ಅರ್ಥಶಾಸ್ತ್ರ. ಮಗನೊಡನೆ ಈ ವಿಷಯದಲ್ಲಿ ವಾದಿಸಿ ಸೋತು, ಕಡೆಗೆ ಆಕೆ ತನ್ನದೇ ಆದ ಏರ್ಪಾಡೊಂದನ್ನು ಮಾಡಿಕೊಂಡಿರುವರು.

ಆದುದರಿಂದ ಸಿಂಧಘಟ್ಟಕ್ಕೆ ಬರುವ ಓದುಗರಿಗೆ ನನ್ನದೊಂದು ಮಾತು. ಸೋಪು ಬೇಕಾದರೆ ಪರವಾನಗಿ ಬರುವವರೆಗೆ ತಾಳಿಕೊಳ್ಳಿ; ಬಂದ ಮೇಲೆ ಮುಂಬಾಗಿಲಿನಲ್ಲಿ ಭಾಷಣವನ್ನು ಪೂರ್ತಿ ಕೇಳಿ ಕೊಳ್ಳಿ, ಸೋಪು ಚೆನ್ನಾಗಿದೆ. ಸೀಗೇಪುಡಿ ಬೇಕಾದವರು ಮಧ್ಯಾಹ್ನದ ಊಟವಾದ ಮೇಲೆ, ಚೂರ್ಣಪ್ಪನವರು ಮಲಗಿರುವ ಹೊತ್ತು ನೋಡಿಕೊಂಡು ಹಿತ್ತಿಲ ಬಾಗಿಲಿಗೆ ಹೋಗಿ. ಡಬ್ಬ ಮಾತ್ರ ನೀವೇ ತೆಗೆದುಕೊಂಡು ಹೋಗಬೇಕು.