ಬುಧವಾರ ರಾತ್ರಿಯ ವಿದ್ಯಾರ್ಥಿ

ಆಫೀಸಿಗೊಬ್ಬರು ಕೋರ್ಸಪ್ಪನವರು ಇದ್ದೇ ಇರುತ್ತಾರೆ. ಹೆತ್ತವರು ಇಟ್ಟ ಹೆಸರು ಬೇರೆ. ಇದು ಕ್ಯಾಂಟೀನಿನಲ್ಲಿ ನಡೆದ ನಾಮಕರಣ. ವಯಸ್ಸು ನಲವತ್ತರ ಆಚೀಚೆ. ಓದಿದ್ದು ಬಿ.ಕಾಂ., ಕೆಲಸ ಅಕೌಂಟ್ಸ್ ವಿಭಾಗದಲ್ಲಿ. ತಲೆಯ ಮೇಲೆ ಒಂದು ಗೃಹಸಾಲ, ಮನೆಯಲ್ಲಿ ಇಬ್ಬರು ಮಕ್ಕಳು, ಮೊಬೈಲಿನಲ್ಲಿ ಹದಿನೇಳು ಕೋರ್ಸು. "ಏನ್ ಸಾರ್, ಈಗ ಏನು ಓದ್ತಿದ್ದೀರಿ?" ಎಂದು ಯಾರಾದರೂ ಕೇಳಿದರೆ "ಮಷಿನ್ ಲರ್ನಿಂಗ್‌ಗೆ ಸೇರ್ಕೊಂಡಿದ್ದೀನಿ" ಅನ್ನುತ್ತಾರೆ. ಓದುತ್ತಿದ್ದೇನೆ ಎಂದು ಮಾತ್ರ ಹೇಳುವುದಿಲ್ಲ. ಸುಳ್ಳು ಹೇಳುವ ಜಾಯಮಾನ ಅವರದಲ್ಲ.

ಸೇರುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಕೇಂದ್ರ ಸರ್ಕಾರದ 'ಸ್ವಯಂ' 2017ರಲ್ಲಿ ಶುರುವಾದಾಗ ಮೊದಲ ವಾರವೇ ಖಾತೆ ತೆರೆದವರು. ಐಐಟಿಗಳೂ ಬೆಂಗಳೂರಿನ ಐಐಎಸ್ಸಿಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್‌ನ ವಿಡಿಯೊಗಳನ್ನು ಅದಕ್ಕೂ ಮುಂಚೆಯೇ ಯೂಟ್ಯೂಬಿನಲ್ಲಿ 'ಆಮೇಲೆ ನೋಡುವ' ಪಟ್ಟಿಗೆ ಹಾಕಿಟ್ಟವರು. ಕೋರ್ಸೆರಾ, ಎಡೆಕ್ಸ್ ಎರಡೂ ಹುಟ್ಟಿದ್ದು 2012ರಲ್ಲಿ; ಎರಡರ ಪಾಸ್‌ವರ್ಡೂ ಅವರಿಗೆ ಬಾಯಿಪಾಠ. ಹೊಸ ಕೋರ್ಸಿಗೆ ಸೇರುವುದು ಹೆಚ್ಚಾಗಿ ರಾತ್ರಿ ಹನ್ನೊಂದರ ಮೇಲೆ, ಅದೂ ಎರಡೇ ಸಂದರ್ಭಗಳಲ್ಲಿ: ಒಂದು, ಅಪ್ರೈಸಲ್ ಆದ ದಿನ, ಇನ್ನೊಂದು, ಹೈಸ್ಕೂಲಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ ಲಿಂಕ್ಡ್‌ಇನ್‌ನಲ್ಲಿ ವೈಸ್ ಪ್ರೆಸಿಡೆಂಟ್ ಆದ ದಿನ. ಗುಂಡಿ ಒತ್ತಿದೊಡನೆ "ಅಭಿನಂದನೆಗಳು" ಎಂದು ಇ-ಮೇಲ್ ಬರುತ್ತದೆ. ಏನೂ ಮಾಡುವ ಮೊದಲೇ ಅಭಿನಂದಿಸುವ ವಿಶ್ವವಿದ್ಯಾಲಯಗಳ ಮೇಲೆ ಅವರಿಗೆ ಅಪಾರ ಪ್ರೀತಿ.

ಬಾರ್ಬರಾ ಓಕ್ಲಿ ಅವರ 'ಲರ್ನಿಂಗ್ ಹೌ ಟು ಲರ್ನ್' ಕೋರ್ಸೆರಾದ ಅತ್ಯಂತ ಜನಪ್ರಿಯ ಕೋರ್ಸುಗಳಲ್ಲೊಂದು. ಕಲಿಯುವುದು ಹೇಗೆಂದು ನಾಲ್ಕು ವಾರದಲ್ಲಿ ಕಲಿಸಿಬಿಡುತ್ತದೆ. ಕೋರ್ಸಪ್ಪನವರು ಅದರ ಎರಡನೆಯ ವಾರದಲ್ಲಿ ನಿಂತು ವರ್ಷಗಳಾದವು. ಕೆಲಸ ಮುಂದೂಡುವ ಚಾಳಿಯನ್ನು ಬಿಡಿಸುವ ಪಾಠ ಇರುವುದು ಮೂರನೆಯ ವಾರದಲ್ಲಿ. ಆ ಕೋರ್ಸಿನಲ್ಲಿ ತಡವಾದವರ ಅನುಕೂಲಕ್ಕೆ ಗಡುವನ್ನೆಲ್ಲ ಹೊಸದಾಗಿ ಹೊಂದಿಸಿಕೊಡುವ ಗುಂಡಿಯೂ ಉಂಟು. ಅವರು ಅದನ್ನು ಎಷ್ಟು ಸಲ ಒತ್ತಿದ್ದಾರೆಂದರೆ, ಈಗ ಅವರ ಹೆಬ್ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಸೇರಿದ ಮೇಲಿನ ಘಟ್ಟ ಎಕ್ಸೆಲ್ಲಿನದು. ಅಕೌಂಟ್ಸಿನವರಲ್ಲವೇ, ಹಾಳೆ ಸೊಗಸಾಗಿರುತ್ತದೆ. ಬೆಳಿಗ್ಗೆ 4.30ರಿಂದ 6ರವರೆಗೆ ಹಸಿರು: ಅಧ್ಯಯನ. ಮೆಟ್ರೋದಲ್ಲಿ ಹಳದಿ: ವಿಡಿಯೊ. ರಾತ್ರಿ ಊಟದ ನಂತರ ನೀಲಿ: ಪುನರಾವರ್ತನೆ. ಭಾನುವಾರಕ್ಕೆ ಕೇಸರಿ, 'ಬಾಕಿ ಉಳಿದದ್ದು' ಎಂಬ ಶೀರ್ಷಿಕೆಯಡಿ. ಜೊತೆಗೆ ಹೊಸ ನೋಟ್‌ಬುಕ್ಕು, ಮೂರು ಬಣ್ಣದ ಹೈಲೈಟರ್, ಬೆನ್ನಿಗೆ ಒತ್ತಾಸೆ ಕೊಡುವ ಕುರ್ಚಿ. ಈ ಸಿದ್ಧತೆಗೆ ಹದಿನೈದು ದಿನ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಕೋರ್ಸಿನ ಎರಡು ವಾರ ಮುಗಿದಿರುವುದರಿಂದ ವೇಳಾಪಟ್ಟಿಯನ್ನು ತಿದ್ದಬೇಕಾಗುತ್ತದೆ. ತಿದ್ದಲು ಇನ್ನೆರಡು ದಿನ.

ಇದಕ್ಕೆಲ್ಲ ಮುಹೂರ್ತವೇ ಕಾರಣ ಎನ್ನುವುದು ಅವರ ತಾಯಿಯ ಅಭಿಪ್ರಾಯ. ಎನ್‌ಪಿಟೆಲ್‌ಗೆ ವರ್ಷಕ್ಕೆರಡು ಟರ್ಮು, ಜನವರಿಯದೊಂದು ಜುಲೈಯದೊಂದು. ಮೊದಲನೆಯದಕ್ಕೆ ಹೆಸರು ಕೊಡುವ ಹೊತ್ತಿಗೆ ಧನುರ್ಮಾಸ, ಎರಡನೆಯದಕ್ಕೆ ಆಷಾಢ. "ನೋಡಿ ನೋಡಿ ಅದೇ ತಿಂಗಳು ಹಿಡೀತಾರಲ್ಲ, ಐಐಟಿಯೋರಿಗೆ ಪಂಚಾಂಗ ನೋಡೋರು ಒಬ್ರೂ ಇಲ್ವಾ?" ಎಂದು ಆಕೆ ಕೇಳುತ್ತಾರೆ.

ತಂದೆಯವರದು ಬೇರೆಯದೇ ಆಕ್ಷೇಪ. ನಿವೃತ್ತ ಮೇಷ್ಟ್ರಾದ ಅವರು ಎಂ.ಎ. ಮಾಡಿದ್ದೂ ಕೆಲಸದಲ್ಲಿದ್ದುಕೊಂಡೇ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಶುರುಮಾಡಿತು. 1996ರಲ್ಲಿ ಅದೇ ಬೇರಿನಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಅವರ ಕಾಲದಲ್ಲಿ ಪಾಠ ಬರುತ್ತಿದ್ದುದು ಕಂದು ಲಕೋಟೆಯಲ್ಲಿ. ಕಳೆದುಹೋದರೆ ಹೋಯಿತು, ಅಂಚೆಯಣ್ಣನಿಗೆ ವಿರಾಮದ ಗುಂಡಿ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋಗಿ ಸಂಪರ್ಕ ತರಗತಿಯಲ್ಲಿ ಕೂತು, ಪರೀಕ್ಷೆ ಬರೆದು ಬಂದಿದ್ದರು. "ನಮಗೆ ಪೋಸ್ಟು ತಡವಾಗ್ತಿತ್ತು ಕಣೋ. ನಿನಗೆ ನೀನೇ ತಡ" ಎಂದು ಮಗನಿಗೆ ಹೇಳಿ ಪತ್ರಿಕೆಯ ಪುಟ ತಿರುಗಿಸುತ್ತಾರೆ.

ಹಾಗೆಂದು ಕೋರ್ಸಪ್ಪನವರನ್ನು ಸೋಮಾರಿ ಎನ್ನುವಂತಿಲ್ಲ. ಎನ್‌ಪಿಟೆಲ್‌ನಲ್ಲಿ 'ವಾರ ಸೊನ್ನೆ' ಎಂದೊಂದಿದೆ. ಕೋರ್ಸಿಗೆ ಮುನ್ನ ಬೇಕಾದ ಹಳೆಯ ಜ್ಞಾನವನ್ನು ತಟ್ಟಿ ನೋಡುವ ಅಸೈನ್‌ಮೆಂಟು. ಅದರ ಅಂಕ ಲೆಕ್ಕಕ್ಕಿಲ್ಲ. ಅದನ್ನು ಅವರು ಮೊದಲ ದಿನವೇ ಕೂತು, ಪಿಯುಸಿಯ ಗಣಿತ ಪುಸ್ತಕ ಹುಡುಕಿ ತೆಗೆದು, ಪೂರ್ತಿ ಅಂಕ ಬರುವಂತೆ ಮಾಡುತ್ತಾರೆ. ಲೆಕ್ಕಕ್ಕೆ ಬರುವ ಅಸೈನ್‌ಮೆಂಟುಗಳು ಮೊದಲಾದ ಮೇಲೆಯೇ ಕಷ್ಟ.

ಕೆಂಗೇರಿಯಲ್ಲಿ ಮೆಟ್ರೋ ಹತ್ತಿದರೆ ವೈಟ್‌ಫೀಲ್ಡ್‌ವರೆಗೆ ಒಂದೇ ನೇರಳೆ ಮಾರ್ಗ, ಮಧ್ಯೆ ಇಳಿಯುವ ತಾಪತ್ರಯವಿಲ್ಲ. ಲೆಕ್ಕದ ಪ್ರಕಾರ ಹೋಗುತ್ತಾ ಬರುತ್ತಾ ದಿನಕ್ಕೆ ಎರಡೂವರೆ ಗಂಟೆ ಓದು. ಸೀಟು ಸಿಕ್ಕಿದರೆ ನಾಯಂಡಹಳ್ಳಿ ಬರುವಷ್ಟರಲ್ಲಿ ನಿದ್ದೆ, ಸಿಗದಿದ್ದರೆ ಒಂದು ಕೈಗೆ ಹಿಡಿಕೆ, ಇನ್ನೊಂದಕ್ಕೆ ಊಟದ ಚೀಲ. ಹೇಗೋ ಮೊಬೈಲು ಎತ್ತಿ ಹಿಡಿದು ಪ್ರೊಫೆಸರು ಸೂತ್ರದ ತಿರುಳಿಗೆ ಬಂದರು ಅನ್ನುವಾಗ ಮೆಜೆಸ್ಟಿಕ್ಕಿನ ಸುರಂಗ. ಪ್ರೊಫೆಸರು ಬಾಯಿ ತೆರೆದಂತೆಯೇ ನಿಂತುಬಿಡುತ್ತಾರೆ. ಇದಕ್ಕೆ ಕೋರ್ಸಪ್ಪನವರು ಕಂಡುಕೊಂಡ ಪರಿಹಾರ ವೇಗ. ಮೊದಲು ಒಂದೂವರೆ ಪಟ್ಟು, ಆಮೇಲೆ ಎರಡು ಪಟ್ಟು. ಐಐಟಿಯ ಗಂಭೀರ ಪ್ರಾಧ್ಯಾಪಕರು ಕ್ರಿಕೆಟ್ ಕಾಮೆಂಟರಿ ಕೊಡುವವರಂತೆ ಮ್ಯಾಟ್ರಿಕ್ಸ್ ವಿವರಿಸುತ್ತಾರೆ. ಈಗ ಮನೆಯಲ್ಲಿ ಹೆಂಡತಿ ಮಾಮೂಲಿ ವೇಗದಲ್ಲಿ ಮಾತಾಡಿದರೂ ಅವರಿಗೆ ನೆಟ್‌ವರ್ಕ್ ನಿಧಾನ ಅನ್ನಿಸುತ್ತದಂತೆ. ಅದನ್ನು ಒಮ್ಮೆ ಬಾಯಿಬಿಟ್ಟು ಹೇಳಿಯೂಬಿಟ್ಟರು. ಆ ವಾರ ಪಾಠಕ್ಕೆ ಸಾಕಷ್ಟು ಮೌನ ದೊರೆಯಿತು.

ವಾರದ ಅಸೈನ್‌ಮೆಂಟಿನ ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11 ಗಂಟೆ 59 ನಿಮಿಷ. ಆದ್ದರಿಂದ ಅವರ ವಿದ್ಯಾರ್ಥಿ ಜೀವನ ಇಡಿಯಾಗಿ ಬುಧವಾರ ರಾತ್ರಿ 10.40ಕ್ಕೆ ಆರಂಭವಾಗುತ್ತದೆ. ಆ ಹೊತ್ತಿನಲ್ಲಿ ಮನೆಯಲ್ಲಿ ಮಿಕ್ಸಿ ಓಡುವಂತಿಲ್ಲ, ಮಗ ಗೇಮ್ ಆಡಿ ವೈಫೈ ತಿನ್ನುವಂತಿಲ್ಲ. ಹತ್ತು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ ಗೊತ್ತು, ಮೂರಕ್ಕೆ ಅನುಮಾನ, ಇನ್ನು ಮೂರಕ್ಕೆ ಮನೆದೇವರು. 11.57ಕ್ಕೆ ಸಲ್ಲಿಸಿ ಬೆವರು ಒರೆಸಿಕೊಳ್ಳುವಾಗ ಮುಖದಲ್ಲಿ ಮಾರ್ಚ್ 31ರ ಲೆಕ್ಕ ತಾಳೆಯಾದಾಗಿನ ಕಳೆ.

ಹನ್ನೆರಡು ವಾರದ ಕೋರ್ಸಿನಲ್ಲಿ ಹನ್ನೆರಡು ಅಸೈನ್‌ಮೆಂಟುಗಳಿದ್ದರೆ, ಚೆನ್ನಾಗಿ ಮಾಡಿದ ಎಂಟನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಕಾಯಿಲೆ ಕಸಾಲೆ ಬಂದವರಿಗೆ ಅನುಕೂಲವಾಗಲಿ ಎಂಬ ಉದಾರ ನಿಯಮ. ಕೋರ್ಸಪ್ಪನವರು ಅದನ್ನು ಓದಿದ್ದು ಸರ್ಕಾರಿ ನೌಕರರು ಸಿಎಲ್ ನಿಯಮ ಓದಿದಂತೆ. ನಾಲ್ಕು ರಜೆ ಹಕ್ಕಿನದು, ಬಳಸದಿದ್ದರೆ ನಷ್ಟ.

ತಮಾಷೆಯೆಂದರೆ ಇದೇ ಮನುಷ್ಯ ಬಡಾವಣೆಗೆಲ್ಲ ಸಲಹೆಗಾರ. ಊರವರಿಗೆಲ್ಲ ಹೆಣ್ಣು ಗೊತ್ತುಮಾಡಿ ತಾನು ಬ್ರಹ್ಮಚಾರಿಯಾಗಿ ಉಳಿದ ದಲ್ಲಾಳಿಯಂತೆ. ಆನ್‌ಲೈನ್ ಪದವಿಗೆ ಯುಜಿಸಿ 2020ರಲ್ಲಿ ಮಾಡಿದ ನಿಯಮಾವಳಿ ಅವರಿಗೆ ಕಂಠಸ್ಥ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ಆನ್‌ಲೈನಿನಲ್ಲಿ ಕೊಡುವಂತಿಲ್ಲ. ಯಾರಾದರೂ ಕೊಡುತ್ತೇವೆ ಎಂದರೆ ಫೋನ್ ಇಟ್ಟುಬಿಡಿ. ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ ಮೂರೂ ಇದೆಯೇ ನೋಡದೆ ಒಂದು ರೂಪಾಯಿ ಕಟ್ಟಬೇಡಿ. 2022ರಿಂದ ಏಕಕಾಲಕ್ಕೆ ಎರಡು ಪದವಿ ಓದಲು ಅವಕಾಶವಿದೆ. ಐಐಟಿ ಮದ್ರಾಸ್ 2020ರಲ್ಲಿ ಶುರುಮಾಡಿದ ಡೇಟಾ ಸೈನ್ಸ್ ಪದವಿಗೆ ಜೆಇಇ ಬೇಡ, ವಯಸ್ಸಿನ ಮಿತಿಯೂ ಇಲ್ಲ, ಆದರೆ ಪರೀಕ್ಷೆಗೆ ಮಾತ್ರ ಕೇಂದ್ರಕ್ಕೇ ಹೋಗಿ ಕೂರಬೇಕು. ಇಷ್ಟನ್ನೂ ಒಂದು ಕಾಫಿ ಆರುವುದರೊಳಗೆ ಹೇಳಿ ಮುಗಿಸುತ್ತಾರೆ. ಅವರ ಮಾತು ಕೇಳಿ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ಮುಕ್ತ ವಿಶ್ವವಿದ್ಯಾಲಯದ ಬಿ.ಎ. ಮುಗಿಸಿ ಪೇಡೆ ತಂದುಕೊಟ್ಟರು. ಎದುರು ಮನೆಯಾಕೆ ಆನ್‌ಲೈನ್ ಎಂ.ಬಿ.ಎ. ಮುಗಿಸಿ ಕೆಲಸವನ್ನೂ ಬದಲಿಸಿದರು. ಪೇಡೆ ತಿನ್ನುತ್ತಾ ಕೋರ್ಸಪ್ಪನವರು ಮುಂದಿನ ಟರ್ಮಿನ ಪಟ್ಟಿ ನೋಡುತ್ತಿದ್ದರು.

ಇಂಥವರಿಗೊಂದು ಸಮಾಧಾನದ ಶ್ಲೋಕವೂ ಬೇಕಲ್ಲ. ಅದನ್ನು ಅವರು 'ಸೈನ್ಸ್' ಪತ್ರಿಕೆಯಿಂದ ತೆಗೆದಿಟ್ಟುಕೊಂಡಿದ್ದಾರೆ. 2019ರ ಜನವರಿಯಲ್ಲಿ ಜಸ್ಟಿನ್ ರೀಚ್ ಮತ್ತು ಹೋಸೆ ರುಯಿಪೆರೆಜ್-ವಲಿಯೆಂಟೆ ಎಂಬ ಇಬ್ಬರು ಸಂಶೋಧಕರು ಹಾರ್ವರ್ಡ್ ಮತ್ತು ಎಂಐಟಿ ಎಡೆಕ್ಸ್‌ನಲ್ಲಿ ನಡೆಸಿದ ಕೋರ್ಸುಗಳ ಆರು ವರ್ಷದ ಲೆಕ್ಕ ಪ್ರಕಟಿಸಿದರು. ಹೆಸರು ಕೊಟ್ಟವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೋರ್ಸಿನ ಬಾಗಿಲು ತೆರೆದೇ ನೋಡಿರಲಿಲ್ಲ. 2017-18ರಲ್ಲಿ ಕೋರ್ಸು ಮುಗಿಸಿದವರು ನೂರಕ್ಕೆ ಸುಮಾರು ಮೂರು ಮಂದಿ. "ನೋಡಿ, ನೂರಕ್ಕೆ ತೊಂಬತ್ತೇಳು ಜನ ಮುಗಿಸಲ್ಲ. ನಾವು ಭಾರೀ ಬಹುಮತದಲ್ಲಿದ್ದೀವಿ" ಎಂದು ಕ್ಯಾಂಟೀನಿನಲ್ಲಿ ಘೋಷಿಸುತ್ತಿದ್ದರು.

ಒಂದು ದಿನ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದೇ ಲೇಖನದ ಮುಂದಿನ ಭಾಗ ಓದಿಕೊಂಡು ಬಂದಳು. "ಸಾರ್, ಸರ್ಟಿಫಿಕೇಟಿಗೆ ದುಡ್ಡು ಕಟ್ಟಿದವರಲ್ಲಿ ನೂರಕ್ಕೆ 46 ಜನ ಮುಗಿಸಿದ್ದಾರಂತೆ. ನೀವು ಕಟ್ಟಿದ್ದೀರಾ?"

ಟೇಬಲ್ಲಿನ ಸುತ್ತ ಎಲ್ಲರೂ ಇಡ್ಲಿ ಬಿಟ್ಟು ಅವರ ಮುಖ ನೋಡಿದರು. ಎನ್‌ಪಿಟೆಲ್‌ನಲ್ಲಿ ಪಾಠ ಪುಕ್ಕಟೆ. ಪರೀಕ್ಷೆ ಬರೆಯುವವರು ಮಾತ್ರ ಸಾವಿರ ರೂಪಾಯಿ ಕಟ್ಟಬೇಕು. ಮರ್ಯಾದೆಯ ಪ್ರಶ್ನೆ. ಅಲ್ಲೇ ಕಟ್ಟಿದರು.

ಸಾವಿರ ರೂಪಾಯಿ ಮನುಷ್ಯನನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ಮನೆಯವರು ಆಮೇಲೆ ಕಂಡರು. ವರ್ಷಗಟ್ಟಲೆ ಹಸಿರು ಬಣ್ಣದಲ್ಲಿ ಖಾಲಿ ಕೂತಿದ್ದ ಬೆಳಗಿನ 4.30ಕ್ಕೆ ನಿಜವಾಗಿಯೂ ದೀಪ ಹತ್ತಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಐಗನ್ ವ್ಯಾಲ್ಯೂ ಬಂತು. ಪಿಯುಸಿ ಓದುವ ಮಗಳ ಮುಂದೆ ಕೂತು "ಈ ಡಿಟರ್ಮಿನೆಂಟ್ ಒಂಚೂರು ಹೇಳಿಕೊಡಮ್ಮ" ಎಂದು ಕೇಳಿದರು. "ಕ್ಲಾಸಲ್ಲಿ ಗಮನ ಇಟ್ಟು ಕೇಳ್ಬೇಕಪ್ಪ" ಎಂದು ಅವಳು ಹಳೆಯ ಬಾಕಿಯೊಂದನ್ನು ತೀರಿಸಿಕೊಂಡಳು.

ಪರೀಕ್ಷೆ ಅಕ್ಟೋಬರಿನ ಕೊನೆಯ ಭಾನುವಾರ, ಊರಾಚೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಮಧ್ಯಾಹ್ನ ಎರಡರಿಂದ ಐದು. ಕಲಿಕೆಯೆಲ್ಲ ಆನ್‌ಲೈನ್ ಆದರೂ ಪರೀಕ್ಷೆಗೆ ಖುದ್ದು ಹೋಗಬೇಕು, ಫೋಟೊ ಇರುವ ಅಸಲಿ ಗುರುತಿನ ಚೀಟಿ ಒಯ್ಯಬೇಕು. ಇಸ್ತ್ರಿ ಮಾಡಿದ ಷರ್ಟು ತೊಟ್ಟು ಬಂದ ಕೋರ್ಸಪ್ಪನವರಿಗೆ ಗೇಟಿನ ವಾಚ್‌ಮನ್ ಸಲಾಮು ಹೊಡೆದು ಸಿಬ್ಬಂದಿಯ ದಾರಿ ತೋರಿಸಿದ. ಮೊದಲ ಮಹಡಿಯಲ್ಲಿ ಇಬ್ಬರು ಹುಡುಗರು "ಸಾರ್, ನಮ್ಮ ಲ್ಯಾಬ್ ಯಾವುದು?" ಎಂದು ವಿಚಾರಿಸಿದರು. ಮಗಳ ವಯಸ್ಸಿನ ಹುಡುಗಿಯೊಬ್ಬಳು "ಅಂಕಲ್, ಪೇರೆಂಟ್ಸ್ ಕೆಳಗಡೆ ಕೂತ್ಕೋಬೇಕಂತೆ" ಎಂದಳು. ಹಾಲ್ ಟಿಕೆಟ್ ತೋರಿಸಿದ ಮೇಲೆ ಎಲ್ಲರಿಗೂ ಕುತೂಹಲ.

"ನಿಮಗೆ ಇದರಿಂದ ಕ್ರೆಡಿಟ್ ಸಿಗುತ್ತಾ ಅಂಕಲ್?"

"ಇಲ್ಲಪ್ಪ."

"ಆಫೀಸಲ್ಲಿ ಕಂಪಲ್ಸರಿನಾ?"

"ಇಲ್ಲ."

"ಮತ್ತೆ ಯಾಕೆ?"

"ಸಾವಿರ ರೂಪಾಯಿ ಕಟ್ಟಿದ್ದೀನಲ್ಲಪ್ಪ!"

ಫಲಿತಾಂಶ ಬಂದ ದಿನ ಅವರು ಮೊದಲು ಮಾಡಿದ ಕೆಲಸ ಎಕ್ಸೆಲ್ ತೆರೆದದ್ದು. ಎನ್‌ಪಿಟೆಲ್‌ನಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಎರಡರಲ್ಲೂ ಬೇರೆಬೇರೆಯಾಗಿ ಕನಿಷ್ಠ ಅಂಕ ಬರಬೇಕು. ಒಟ್ಟು 60 ಮುಟ್ಟಿದರೆ ಸರ್ಟಿಫಿಕೇಟಿನ ಮೇಲೆ 'ಎಲೀಟ್' ಎಂದು ಅಚ್ಚಾಗುತ್ತದೆ. ಕೋರ್ಸಪ್ಪನವರಿಗೆ ಪರೀಕ್ಷೆಯಲ್ಲಿ 41, ಅಸೈನ್‌ಮೆಂಟಿನಲ್ಲಿ 18. ಒಟ್ಟು 59.

ಪಾಸೇನೋ ಆಯಿತು. ಹದಿನೇಳರಲ್ಲಿ ಮೊದಲನೆಯದು ದಡ ಸೇರಿತೆಂದು ತಾಯಿ ಪಾಯಸ ಮಾಡಿದರು. ತಂದೆ ಸರ್ಟಿಫಿಕೇಟನ್ನು ಮೊಬೈಲಿನಲ್ಲಿ ಹಿಗ್ಗಿಸಿ, ಕನ್ನಡಕ ಏರಿಸಿ, ಮಗನ ಇನಿಷಿಯಲ್ ಸರಿಯಿದೆಯೇ ಎಂದು ಪರೀಕ್ಷಿಸಿದರು. ಕೋರ್ಸಪ್ಪನವರಿಗೆ ಮಾತ್ರ ಆ ಒಂದು ಅಂಕ ಗಂಟಲಲ್ಲೇ ಕೂತಿತ್ತು. ಎಲ್ಲಿ ಹೋಯಿತೆಂದು ಸಾಲು ಸಾಲಾಗಿ ಹುಡುಕಿದರು. ಕೊನೆಗೆ ಸಿಕ್ಕಿತು. ಲೆಕ್ಕಕ್ಕೆ ಬೇಕಾದ ಅಸೈನ್‌ಮೆಂಟು ಎಂಟು, ಅವರು ಸಲ್ಲಿಸಿದ್ದು ಏಳೇ. ಎಂಟನೆಯದರಲ್ಲಿ ಅರ್ಧಕ್ಕರ್ಧ ಬಂದಿದ್ದರೂ ಒಂದೂವರೆ ಅಂಕ ಕೂಡಿ 'ಎಲೀಟ್' ಆಗುತ್ತಿದ್ದರು.

"ಇವಳೇ, ಇಲ್ಲಿ ಬಾ" ಎಂದು ಹೆಂಡತಿಯನ್ನು ಕರೆದು ಹಾಳೆಯ ಕೆಂಪು ಚೌಕವನ್ನು ತೋರಿಸಿದರು. "ಇದು ಯಾವ ಬುಧವಾರ ಗೊತ್ತಾ? ನಿನ್ನ ತಮ್ಮನ ಮನೆ ಗೃಹಪ್ರವೇಶದ್ದು. ನಾನು ಬರಲ್ಲ ಅಂದೆ. ನೀನು ಕೇಳಿದೆಯಾ? ಅಲ್ಲಿ ಹೋಳಿಗೆ ಊಟ ಮಾಡಿ, ಬಂದು ಐದು ನಿಮಿಷ ಒರಗಿದೆ. ಎದ್ದಾಗ ಹನ್ನೆರಡೂ ಹತ್ತು. ನನ್ನ ಎಲೀಟು ಹೋಗಿದ್ದು ನಿನ್ನ ತಮ್ಮನ ಮನೆ ಹೊಸ್ತಿಲಲ್ಲಿ."

ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆಯನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದರು.

"ಸರಿ ರೀ. ಕೆಂಪು ಚೌಕ ಐದಿದೆಯಲ್ಲ, ಉಳಿದ ನಾಲ್ಕು ಬುಧವಾರ ಯಾರ ಮನೆ ಗೃಹಪ್ರವೇಶ ಇತ್ತು?"