ಪಿನ್ನು ಎಳೆದವನ ಪಾಡು

ಸಭೆಗೆ ಹೋದರೆ ಬೋಂಡ ತಿನ್ನುವುದಕ್ಕಷ್ಟೇ ಬಾಯಿ ತೆರೆಯಬೇಕು. ಇದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಆದರೂ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಕಡೆ ರಸ್ತೆಗಳು ಮಳೆನೀರಿನಲ್ಲಿ ಮುಳುಗಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ಟೀವಿಯಲ್ಲಿ ನೋಡಿದ ಆವೇಶಕ್ಕೆ, ‘ನಮ್ಮ ಲೇಔಟಿಗೂ ಒಂದು ಸ್ವಯಂಸೇವಕರ ಪಡೆ ಬೇಕು’ ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಅದು ನಿಲ್ಲುವಷ್ಟರಲ್ಲಿ ನಾನು ಕನ್ವೀನರ್ ಆಗಿದ್ದೆ.

ಮೊದಲು ವಾಟ್ಸಾಪ್ ಗ್ರೂಪು. ರಾತ್ರಿ ಹನ್ನೊಂದಕ್ಕೆ ಎರಡು ಮೆಸೇಜು ಒತ್ತಿದೆ. ‘ತುರ್ತು! ಎಲ್ಲರೂ ಪಾರ್ಕಿಗೆ ಬನ್ನಿ’ ಅನ್ನುವುದು ಹೋಯಿತು. ‘ನಾಳೆ ಬೆಳಗ್ಗೆ ಏಳಕ್ಕೆ, ಪರಿಚಯದ ಸಭೆ’ ಅನ್ನುವುದು ನೆಟ್‌ವರ್ಕ್ ಸಿಗದೆ ಫೋನಿನಲ್ಲೇ ಕೂತಿತು. ಹತ್ತೇ ನಿಮಿಷದಲ್ಲಿ ಇಡೀ ಲೇಔಟು ನೈಟಿ, ಲುಂಗಿಗಳಲ್ಲಿ ಪಾರ್ಕಿನಲ್ಲಿ ಹಾಜರು. ಒಬ್ಬರ ಕೈಯಲ್ಲಿ ಮನೆಪತ್ರ, ಇನ್ನೊಬ್ಬರ ಕಂಕುಳಲ್ಲಿ ಮೊಮ್ಮಗು. ಬಾರದೇ ಇದ್ದವನು ನಾನೊಬ್ಬನೇ. ಗೊರಕೆ ಹೊಡೆಯುತ್ತಿದ್ದೆ.

ಆಮೇಲೆ ತುರ್ತು ಸಾಮಾನು. ಟಾರ್ಚು, ಹಗ್ಗ, ಸೀಟಿ, ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜು ಎಲ್ಲವನ್ನೂ ಟ್ರಂಕಿಗೆ ತುಂಬಿ ಬೀಗ ಒತ್ತಿದೆ. ಕೀ ಕಳೆದುಹೋಗಬಾರದಲ್ಲ ಅಂತ ಅದನ್ನು ಮೊದಲೇ ಭದ್ರವಾಗಿ ಟ್ರಂಕಿನೊಳಗೆ ಇಟ್ಟಿದ್ದೆ. ಬೀಗ ಒಡೆಯಲು ಸುತ್ತಿಗೆ ಎತ್ತಿದೆ. ಮೂರನೇ ಏಟಿಗೆ ಬೀಗ ತೆರೆಯಿತು. ಮೊದಲೆರಡು ನನ್ನ ಹೆಬ್ಬೆರಳಿಗೆ ಬಿದ್ದಿದ್ದವು. ಬ್ಯಾಂಡೇಜಿನ ಉದ್ಘಾಟನೆ ನನ್ನಿಂದಲೇ ಆಯಿತು.

ಇಷ್ಟಾದ ಮೇಲಾದರೂ ಸುಮ್ಮನಿರಬೇಕಿತ್ತೋ ಇಲ್ಲವೋ, ನೀವೇ ಹೇಳಿ! ಏಪ್ರಿಲ್ 14ಕ್ಕೆ ಬೆಂಕಿ ಆರಿಸುವ ಪ್ರಾತ್ಯಕ್ಷಿಕೆ ಇಟ್ಟೆ. ಹಳೇ ಡಬ್ಬದಲ್ಲಿ ಪೇಪರಿಗೆ ಬೆಂಕಿ ಹಚ್ಚಿ, ಸಿಲಿಂಡರ್ ಹಿಡಿದು ಭಾಷಣ ಶುರುಮಾಡಿದೆ. 1944ರಲ್ಲಿ ಇದೇ ದಿನ ಮುಂಬಯಿ ಬಂದರಿನ ಹಡಗಿನ ಬೆಂಕಿ ಆರಿಸಲು ಹೋಗಿ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯನ್ನು ನೆನೆದೆ. ನಂತರ ಪಾಠ: ‘ಪಿನ್ನು ಎಳೆಯಿರಿ. ಬೆಂಕಿಯ ಬುಡಕ್ಕೆ ಗುರಿ ಇಡಿ. ಹಿಡಿ ಒತ್ತಿ. ಆಚೀಚೆ ಆಡಿಸಿ.’ ನಾನೂ ಎಳೆದೆ, ಒತ್ತಿದೆ, ಆಡಿಸಿದೆ. ಗುರಿಯೊಂದು ಬಿಟ್ಟುಹೋಗಿತ್ತು. ಕೊಳವೆಯ ಬಾಯಿ ನನ್ನ ಮೂಗಿನ ಕಡೆಗಿತ್ತು.

ಭಸ್ ಅಂದಿತು! ಪುಡಿ ಅಡರಿದ ನಾನು ಸಾಕ್ಷಾತ್ ರವೆ ಉಂಡೆ. ಡಬ್ಬದ ಬೆಂಕಿ ಮಾತ್ರ ಹಾಯಾಗಿ ಉರಿಯುತ್ತಿತ್ತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಬಂದು ಒದ್ದೆ ಗೋಣಿಚೀಲ ಹೊದಿಸಿ ಅದನ್ನು ಆರಿಸಿದರು. ಕಣ್ಣು ಕಾಣದ ನಾನು ಕೈಮುಗಿಯುತ್ತ ಹಿಂದೆ ಹಿಂದೆ ಸರಿದು ಮಳೆನೀರಿನ ಚರಂಡಿಗೆ ಬಿದ್ದೆ.

ಆಗ ನೋಡಬೇಕಿತ್ತು ನಮ್ಮ ಪಡೆಯನ್ನು! ಒಬ್ಬರು ಟ್ರಂಕಿನಿಂದ ಹಗ್ಗ ತಂದರು, ಇಬ್ಬರು ಎಳೆದರು, ಮತ್ತೊಬ್ಬರು ಕಣ್ಣಿಗೆ ನೀರು ಹಾಕಿ ತೊಳೆದರು. ಹುಡುಗನೊಬ್ಬ ಫೋನ್ ಹಿಡಿದು, ‘ಅಂಕಲ್, 112ಕ್ಕೆ ಏನಂತ ಹೇಳಲಿ? ಬೆಂಕಿ ಅಂತಲಾ, ನೀರು ಅಂತಲಾ?’ ಅಂದ.

‘ಎರಡೂ ಅಲ್ಲಪ್ಪ, ಕನ್ವೀನರ್ ಅಂತ ಹೇಳು’ ಅಂದೆ.

ಮುಂದಿನ ಸಭೆಯಲ್ಲಿ ನನಗೆ ಸರ್ವಾನುಮತದಿಂದ ಬಡ್ತಿ ಸಿಕ್ಕಿತು. ಇನ್ನು ಮೇಲೆ ಪ್ರತಿ ಅಣಕು ಕಾರ್ಯಾಚರಣೆಯಲ್ಲೂ ಗಾಯಾಳುವಿನ ಪಾತ್ರ ಕಾಯಂ ಆಗಿ ನನ್ನದೇ. ಟ್ರಂಕಿನ ಹೊಸ ಬೀಗದ ಕೀ ನನ್ನವಳ ಹತ್ತಿರ ಇದೆ. ನಾನು ಎಳೆದ ಆ ಪಿನ್ನಿನ ಉಂಗುರಕ್ಕೇ ಅದನ್ನು ಪೋಣಿಸಿಕೊಂಡಿದ್ದಾಳೆ.