ಎನ್‌ಕ್ವೈರಿ ಯಜಮಾನರು

ಎನ್‌ಕ್ವೈರಿ ಯಜಮಾನರು ಯಾವುದನ್ನೂ ಕೇಳುವವರಲ್ಲ. ಎಲ್ಲವನ್ನೂ 'ಎನ್‌ಕ್ವೈರಿ ಮಾಡುವವರು'. ಕರ್ನಾಟಕದ ಬಸ್ ನಿಲ್ದಾಣ, ತಾಲ್ಲೂಕು ಕಚೇರಿ, ಬ್ಯಾಂಕು, ಮದುವೆ ಛತ್ರಗಳಲ್ಲಿ ಹೇರಳವಾಗಿ ಕಾಣಸಿಗುತ್ತಾರೆ. ವಯಸ್ಸು ಸಾಮಾನ್ಯವಾಗಿ ಅರವತ್ತರ ಆಚೆ. ಹಿಂದಿನ ಕಸುಬು ಸರ್ಕಾರಿ ಗುಮಾಸ್ತಿಕೆ, ಇಲ್ಲವೇ ಅದರ ಗಾಳಿ ತಾಕಿದ ಇನ್ನಾವುದಾದರೂ ಕೆಲಸ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಫೈಲಿನೊಳಗೆ ಆಧಾರ್ ಕಾರ್ಡಿನ ನಾಲ್ಕು ಜೆರಾಕ್ಸು. ಜೆರಾಕ್ಸನ್ನು ಯಾರೂ ಕೇಳಿರುವುದಿಲ್ಲ. ಯಾರೂ ಕೇಳಲಿಲ್ಲವಲ್ಲ ಎಂಬ ಕೊರಗು ಯಜಮಾನರಿಗೆ ಇದ್ದೇ ಇರುತ್ತದೆ.

ಇಂಗ್ಲಿಷಿನಲ್ಲಿ ಕೇಳುವುದಕ್ಕೆ ಪುಟ್ಟದೊಂದು ಕ್ರಿಯಾಪದವಿದೆ; ಒಂದನೇ ತರಗತಿಯ ಮಕ್ಕಳಿಗೂ ಬರುತ್ತದೆ. ಯಜಮಾನರು ಅದನ್ನು ಮುಟ್ಟುವುದಿಲ್ಲ. 'ಎನ್‌ಕ್ವೈರ್' ಎಂಬುದು ಅದೇ ಕೆಲಸವನ್ನು ಕೋಟು ಹಾಕಿಕೊಂಡು ಮಾಡುವ ಪದ. ಇದರ ಕಾಗುಣಿತದಲ್ಲಿ ಇಂಗ್ಲಿಷರಿಗೇ ಒಮ್ಮತವಿಲ್ಲ. 'ಇ' ಅಕ್ಷರದಿಂದ ಬರೆದರೆ ಸಾಮಾನ್ಯ ಪ್ರಶ್ನೆ, 'ಐ'ಯಿಂದ ಬರೆದರೆ ಅಧಿಕೃತ ತನಿಖೆ ಎಂದು ಬ್ರಿಟನ್ನಿನಲ್ಲಿ ಒಂದು ವಾಡಿಕೆ. ಅಮೆರಿಕದವರು ಬಹುಮಟ್ಟಿಗೆ ಎರಡಕ್ಕೂ 'ಐ'ಯನ್ನೇ ಹಾಕಿ ಕೈತೊಳೆದುಕೊಂಡಿದ್ದಾರೆ. ಭಾರತದಲ್ಲಿ ತನಿಖಾ ಆಯೋಗಗಳನ್ನು ನೇಮಿಸುವ 1952ರ ಕಾಯ್ದೆಯ ಹೆಸರಿನಲ್ಲಿ 'ಐ' ಇದೆ, ರೈಲು ನಿಲ್ದಾಣದ ಬೋರ್ಡಿನಲ್ಲಿ 'ಇ' ಇದೆ. ಯಜಮಾನರು ಈ ತಕರಾರಿಗೆ ತಲೆ ಕೊಟ್ಟವರಲ್ಲ. 'ಎನ್‌ಕ್ವೈರಿ'ಗೆ ಒಂದು 'ಮಾಡು' ಅಂಟಿಸಿ, ಮೇಲಿನ ಎರಡು ಅರ್ಥವನ್ನೂ ಒಟ್ಟಿಗೆ ಇಟ್ಟುಕೊಂಡುಬಿಟ್ಟರು. ಹಾಗಾಗಿ ಹಾಲಿನ ಬೂತು ಎಷ್ಟು ಹೊತ್ತಿಗೆ ತೆಗೆಯುತ್ತದೆ ಎಂಬುದಕ್ಕೂ, ನೂರಾರು ಕೋಟಿಯ ಹಗರಣಕ್ಕೂ ಅವರಲ್ಲಿ ಒಂದೇ ಗಾಂಭೀರ್ಯ.

ಕೇಳುವುದೆಂದರೆ ಅವರಿಗೇಕೆ ಆಗದು ಎಂಬುದಕ್ಕೆ ಕಾರಣವಿದೆ. ಕೇಳಿದರೆ ಕೇಳಿದವನಿಗೆ ಗೊತ್ತಿಲ್ಲವೆಂಬುದು ಬಯಲಾಗುತ್ತದೆ. ಎನ್‌ಕ್ವೈರಿಯಲ್ಲಿ ಆ ಅಪಾಯವಿಲ್ಲ. ಅಲ್ಲಿ ಗೊತ್ತಿಲ್ಲದಿರುವುದು ಎದುರಿನವನ ತಪ್ಪು, ಉತ್ತರ ಹೇಳುವುದು ಅವನ ಜವಾಬ್ದಾರಿ. ಮೇಲಾಗಿ ಕನ್ನಡದಲ್ಲಿ ಕೇಳುವುದೆಂದರೆ ಕಿವಿಗೊಡುವುದೂ ಹೌದು. ಯಜಮಾನರಿಗೆ ಅಷ್ಟು ಪುರುಸೊತ್ತಿಲ್ಲ.

ಈ ಶೈಲಿ ಕಚೇರಿಯ ಕೊಡುಗೆ. ಸರ್ಕಾರಿ ಪತ್ರದಲ್ಲಿ ಹೇಳಬೇಕಾದ್ದನ್ನು ನೇರವಾಗಿ ಹೇಳುವ ಹಾಗಿಲ್ಲ. ಮೊದಲು 'ವಿಷಯ', ಅದರ ಕೆಳಗೆ 'ಉಲ್ಲೇಖ', ಆಮೇಲೆ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬ ಸಾಲು. ಇಷ್ಟು ದಾಟಿದ ಮೇಲೆಯೇ ಸಂಗತಿ. ರಾಜ್ಯದಲ್ಲಿ 1963ರಲ್ಲಿಯೇ ರಾಜಭಾಷಾ ಕಾಯ್ದೆ ಬಂದು, ಕಡತಗಳು ಕ್ರಮೇಣ ಕನ್ನಡಕ್ಕೆ ತಿರುಗಿದವು. ಬಾಯಿ ಮಾತ್ರ ಅಷ್ಟು ಬೇಗ ತಿರುಗಲಿಲ್ಲ. ಮೂವತ್ತು ವರ್ಷ ಕರಡು ಬರೆದ ಕೈ ನಿವೃತ್ತಿಯಾದರೂ ನಾಲಿಗೆ ಸೇವೆಯಲ್ಲೇ ಉಳಿಯುತ್ತದೆ. ಯಜಮಾನರು ಮಾತು ಶುರುಮಾಡುವುದು "ವಿಷಯ ಏನಪ್ಪಾ ಅಂದ್ರೆ" ಎಂದು. ಎರಡನೇ ವಾಕ್ಯ "ಹಿಂದೆ ಒಂದ್ಸಲ ಬಂದಿದ್ದೆ, ನಿಮ್ಮ ಜಾಗದಲ್ಲಿ ಒಬ್ಬರು ಕನ್ನಡಕದವರು ಕೂತಿದ್ರು" ಎಂದು. ಒಂದು ವಿಷಯ, ಮತ್ತೊಂದು ಉಲ್ಲೇಖ. ನಮೂನೆ ಎಲ್ಲೂ ಕೆಟ್ಟಿಲ್ಲ.

ಇವರ ಸಹಜ ನೆಲೆ ವಿಚಾರಣಾ ಕೌಂಟರು. ರೈಲು ನಿಲ್ದಾಣದಲ್ಲಿ ಅದರ ನೆತ್ತಿಯ ಮೇಲೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆದಿರುತ್ತದೆ. ಯಜಮಾನರು ಮೂರನ್ನೂ ಓದಿ, ಒಳಗೆ ಬಗ್ಗಿ, "ಎನ್‌ಕ್ವೈರಿ ಇದೇನಾ?" ಎನ್ನುತ್ತಾರೆ. ಇದು ಮೊದಲ ಎನ್‌ಕ್ವೈರಿ. ಬಸ್ ನಿಲ್ದಾಣವಾದರೆ ಒಳಗಿರುವುದು ಕಂಟ್ರೋಲರು. ಅವರ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ನಿರ್ವಾಹಕರ ಕಾಗದಪತ್ರ. ಅರಸೀಕೆರೆಗೆ ಬಸ್ಸು ಎಷ್ಟಕ್ಕೆ ಎಂಬುದು ತಿಳಿಯಬೇಕಾದ ಸಂಗತಿ. ಆದರೆ ಅರಸೀಕೆರೆಗೆ ಯಾಕೆ ಹೋಗಬೇಕಾಯಿತು, ಷಡ್ಡಕನ ಮಗನ ಗೃಹಪ್ರವೇಶ ಯಾವ ಬಡಾವಣೆಯಲ್ಲಿ, ನಿನ್ನೆಯೇ ಹೊರಡಬೇಕಿದ್ದವರು ಯಾವ ಕಾರಣಕ್ಕೆ ತಡವಾದರು ಎಂಬುದನ್ನು ಕಂಟ್ರೋಲರ ಗಮನಕ್ಕೆ ತರದೆ ಆ ಪ್ರಶ್ನೆ ಹೊರಬೀಳುವುದಿಲ್ಲ. ಅಷ್ಟರಲ್ಲಿ ಕಂಟ್ರೋಲರು ತಲೆಯೆತ್ತದೆ "ಏಳನೇ ಅಂಕಣ, ನಿಂತಿದೆ ನೋಡಿ" ಎಂದಿರುತ್ತಾರೆ.

ಒಂದು ಕಡೆ ಸಿಕ್ಕಿದ ಉತ್ತರ ಉತ್ತರವಲ್ಲ, ಅದು ಹೇಳಿಕೆ. ಹೇಳಿಕೆಯನ್ನು ತಾಳೆ ನೋಡಬೇಕು. ಯಜಮಾನರು ಪತ್ರಿಕೆ ಮಾರುವವನನ್ನು ಎನ್‌ಕ್ವೈರಿ ಮಾಡುತ್ತಾರೆ, ಸೌತೆಕಾಯಿಯವಳನ್ನು ಮಾಡುತ್ತಾರೆ, ಕೊನೆಗೆ ಏಳನೇ ಅಂಕಣದಲ್ಲಿ ನಿಂತ ಬಸ್ಸಿನ ಕಿಟಕಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿರುವ ಪ್ರಯಾಣಿಕನನ್ನೂ ಮಾಡುತ್ತಾರೆ. ನಾಲ್ವರೂ ಒಂದೇ ಮಾತು ಹೇಳಿದರೆ ಅನುಮಾನ ಬಲವಾಗುತ್ತದೆ. ಎಲ್ಲರೂ ಒಂದೇ ಸಮ ಹೇಳಬೇಕಾದರೆ ಏನೋ ಇರಬೇಕು. ಕಂಟ್ರೋಲರ ಬಳಿ ಮರಳಿ ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಬಸ್ಸು ಗೇಟು ದಾಟಿರುತ್ತದೆ. ಅದನ್ನು ಯಾರನ್ನು ಕೇಳಿ ಬಿಟ್ಟಿರಿ ಎಂಬುದು ಮುಂದಿನ ಎನ್‌ಕ್ವೈರಿ.

ದೂರವಾಣಿಯಲ್ಲಿ ಇವರಿಗೆ ಒಂದು ಸುವರ್ಣಯುಗವಿತ್ತು. ಮನೆಗಳಲ್ಲಿ ಲ್ಯಾಂಡ್‌ಲೈನು ಇದ್ದ ಕಾಲಕ್ಕೆ 197ಕ್ಕೆ ತಿರುಗಿಸಿದರೆ ಯಾರ ಫೋನ್ ನಂಬರು ಬೇಕಾದರೂ ಹೇಳುವ ಒಬ್ಬ ಮನುಷ್ಯರು ಸಿಗುತ್ತಿದ್ದರು. ಅವರಿಗೆ ಹಿನ್ನೆಲೆ ವಿವರಿಸಬಹುದಿತ್ತು. ಈಗ ರೈಲ್ವೆಯ 139ರಲ್ಲಿ ಮೊದಲು ಮಾತಾಡುವುದು ಯಂತ್ರ. ಭಾಷೆ ಆರಿಸಿ, ಅಂಕಿ ಒತ್ತಿ, ಗಾಡಿ ಸಂಖ್ಯೆ ಒತ್ತಿ ಎನ್ನುತ್ತದೆಯೇ ಹೊರತು, ಯಾರ ಮನೆಯ ಯಾವ ಕಾರ್ಯಕ್ಕೆ ಹೊರಟಿರಿ ಎನ್ನುವುದಿಲ್ಲ. ಯಂತ್ರ ಹೇಳುವುದು ಸರಿಯಾಗಿಯೇ ಇರುತ್ತದೆ. ಆದರೆ ಎದುರಿಗೊಬ್ಬ ಅಧಿಕಾರಿಯಿಲ್ಲದ ಎನ್‌ಕ್ವೈರಿಯಲ್ಲಿ ಸ್ವಾರಸ್ಯವಿಲ್ಲ. ಆದ್ದರಿಂದ ರೈಲಿನ ವೇಳೆ ಮೊಬೈಲಿನಲ್ಲಿ ಸಿಕ್ಕ ಮೇಲೂ ಯಜಮಾನರು ನಿಲ್ದಾಣಕ್ಕೆ ಖುದ್ದಾಗಿ ಹೋಗಿ ಬರುತ್ತಾರೆ.

ಈ ವಿದ್ಯೆಯ ಪರಾಕಾಷ್ಠೆಯನ್ನು ನೋಡಬೇಕಾದರೆ ಮದುವೆಯ ಮಾತುಕತೆಗೆ ಬರಬೇಕು. ಹೆಣ್ಣಿನ ಮನೆಯವರಿಗೆ ಒಂದು ಸಂಬಂಧ ಬಂದಿದೆ. ಜಾತಕ ನೋಡಿಸಿದ್ದಾಯಿತು, ಸಾಲಾವಳಿ ಕೂಡಿಬಂದಿದೆ. ಇನ್ನು ಹುಡುಗನ ಬಗ್ಗೆ 'ಸ್ವಲ್ಪ ಎನ್‌ಕ್ವೈರಿ ಮಾಡಿಸಬೇಕು'. ಇಂಥ ಹೊತ್ತಿಗೆ ಪ್ರತಿ ಬಳಗದಲ್ಲೂ ಒಬ್ಬ ಯಜಮಾನರು ತಾವಾಗಿಯೇ ಎದ್ದು ನಿಲ್ಲುತ್ತಾರೆ. ಯಾರಿಗೂ ಗೊತ್ತಾಗದ ಹಾಗೆ ವಿಷಯ ತೆಗೆಯುವುದರಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂಬುದು ಅವರ ನಂಬಿಕೆ. ಹುಡುಗನ ಬೀದಿಗೆ ಹೋಗಿ, ಮನೆಯ ಎದುರು ಎರಡು ಸಲ ಸುಳಿದಾಡಿ, ಕಾಂಪೌಂಡು ಎಷ್ಟೆತ್ತರವಿದೆ, ಕಾರು ಯಾವುದು ಎಂದು ಗುರುತು ಹಾಕಿಕೊಂಡು, ಮೂಲೆಯ ಇಸ್ತ್ರಿ ಅಂಗಡಿಯ ಮುಂದೆ ನಿಲ್ಲುತ್ತಾರೆ.

"ಏನಪ್ಪಾ, ಆ ಹಸಿರು ಗೇಟಿನ ಮನೆಯವರು ಜನ ಹೇಗೆ?"

"ಯಾಕೆ ಸಾರ್?"

"ಏನಿಲ್ಲ, ಸುಮ್ನೆ ಎನ್‌ಕ್ವೈರಿ."

ಇಸ್ತ್ರಿಯವನು ದಿನಕ್ಕೆ ಇಂಥವರನ್ನು ಎಷ್ಟೋ ನೋಡಿರುತ್ತಾನೆ. ಅವನು ಪೆಟ್ಟಿಗೆಗೆ ಇನ್ನೆರಡು ಕೆಂಡ ಹಾಕಿ ಸುಮ್ಮನಾಗುತ್ತಾನೆ. ಆ ಮೌನವನ್ನು ಯಜಮಾನರು ತಡೆಯಲಾರರು. ನಂಬಿಕೆ ಹುಟ್ಟಿಸುವ ಸಲುವಾಗಿ ಒಂದೊಂದೇ ವಿವರ ಬಿಡುತ್ತಾರೆ. ಹುಡುಗಿ ತಮ್ಮ ಅಣ್ಣನ ಮಗಳೇ, ಎಂಜಿನಿಯರಿಂಗ್ ಆಗಿದೆ, ಸ್ವಲ್ಪ ಎಣ್ಣೆಗೆಂಪು ಬಣ್ಣ, ಅಣ್ಣನಿಗೆ ತುಮಕೂರು ಕಡೆ ತೆಂಗಿನ ತೋಟ ಉಂಟು, ಹಿಂದೆ ಒಂದು ಸಂಬಂಧ ಬಂದು ತಪ್ಪಿತು, ತಪ್ಪಿದ್ದರಲ್ಲಿ ಹುಡುಗಿಯ ತಪ್ಪೇನೂ ಇಲ್ಲ. ಅರ್ಧ ಗಂಟೆಯಾದ ಮೇಲೆ ಯಜಮಾನರಿಗೆ ತಿಳಿದದ್ದು ಆ ಮನೆಯಿಂದ ವಾರಕ್ಕೆ ಎಷ್ಟು ಅಂಗಿ ಬರುತ್ತದೆ ಎಂಬುದು. ಸಂಜೆ ಬಟ್ಟೆ ತಲುಪಿಸುವಾಗ ಇಸ್ತ್ರಿಯವನು ಹುಡುಗನ ತಾಯಿಗೆ ಹೇಳುವುದು, ತೋಟದ ವಿಸ್ತೀರ್ಣವೂ ಸೇರಿದಂತೆ, ಹೆಣ್ಣಿನ ಮನೆಯ ಸಮಗ್ರ ವೃತ್ತಾಂತ.

ಗಂಡಿನ ಕಡೆಯೂ ಒಬ್ಬ ಯಜಮಾನರು ಇದ್ದೇ ಇರುತ್ತಾರೆ. ಈ ಇಬ್ಬರು ಎಂದಾದರೊಮ್ಮೆ ಯಾವುದೋ ದರ್ಶಿನಿಯಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ ನಿಂತು ಬೈಟು ಕಾಫಿ ಕುಡಿಯುವ ಪ್ರಸಂಗ ಬರುತ್ತದೆ. ಇಬ್ಬರೂ ಗುಟ್ಟು ಬಿಡುವುದಿಲ್ಲ, ಇಬ್ಬರೂ 'ಸುಮ್ನೆ ಜನರಲ್ ಎನ್‌ಕ್ವೈರಿ'ಯಲ್ಲಿರುತ್ತಾರೆ. ಮುಗಿಯುವ ಹೊತ್ತಿಗೆ ತಿಪಟೂರಿನ ಒಬ್ಬ ದಾಯಾದಿ ಇಬ್ಬರಿಗೂ ಬೇಕಾದವರೆಂದು ಹೊರಬಿದ್ದು, ಬಂದ ಕೆಲಸ ಬಿಟ್ಟು ಆ ದಾಯಾದಿಯ ಜಮೀನಿನ ವ್ಯಾಜ್ಯದ ಕಡೆಗೆ ಮಾತು ಹೊರಳಿರುತ್ತದೆ.

ಧಾರವಾಡ, ಬೆಳಗಾವಿ ಸೀಮೆಯವರು ಇದೇ ಕೆಲಸಕ್ಕೆ 'ಚೌಕಶಿ' ಎನ್ನುತ್ತಾರೆ; ಮರಾಠಿಯ ಬಳಕೆಯಿಂದ ಬಂದದ್ದು. ಮೈಸೂರಿನ ಕಡೆ 'ಚೌಕಾಸಿ' ಎಂದರೆ ಬೆಲೆ ಇಳಿಸಲು ಜಗ್ಗಾಡುವುದು. ಆದ್ದರಿಂದ ಹುಬ್ಬಳ್ಳಿಯ ಬೀಗರು ಸದುದ್ದೇಶದಿಂದ "ನಿಮ್ಮ ಹುಡುಗಂದು ಎಲ್ಲಾ ಚೌಕಶಿ ಮಾಡೀವ್ರಿ" ಎಂದರೆ ಮೈಸೂರಿನ ಯಜಮಾನರ ಮುಖ ಕಪ್ಪಿಡುತ್ತದೆ. ಇಂಥ ಕಡೆ ಮಾತ್ರ ಇಂಗ್ಲಿಷ್ ಪದ ನಿಜವಾಗಿಯೂ ಉಪಕಾರಕ್ಕೆ ಬರುತ್ತದೆ ಎಂದು ಒಪ್ಪಬೇಕು.

ಇಷ್ಟೆಲ್ಲ ಆದರೂ ಮದುವೆ ನಿಲ್ಲುವುದು ಕೂಡುವುದು ಎನ್‌ಕ್ವೈರಿಯ ಮೇಲಲ್ಲ. ಯಜಮಾನರ ಹೆಂಡತಿ ಶುಕ್ರವಾರ ದೇವಸ್ಥಾನದ ಜಗಲಿಯ ಮೇಲೆ ಹೂ ಕಟ್ಟುತ್ತ, ಪಕ್ಕದವರನ್ನು "ಆ ಹುಡುಗ ಹೇಗಂತೆ ರೀ?" ಎಂದು ಕೇಳಿರುತ್ತಾರೆ. ಪಕ್ಕದವರ ಓರಗಿತ್ತಿಯ ತಂಗಿ ಅದೇ ಬೀದಿಯವಳು. ಹುಡುಗನ ಸಂಬಳ, ಸಿಟ್ಟು, ಸಾಲ, ಅತ್ತೆಯಾಗುವವಳ ಬಾಯಿ, ನಾದಿನಿ ತವರಿಗೆ ಬಂದರೆ ಎಷ್ಟು ದಿನ ಇರುತ್ತಾಳೆ ಎಂಬುದರವರೆಗೆ ಒಂದು ಮೊಳ ಹೂ ಮುಗಿಯುವುದರೊಳಗೆ ಬಂದುಬಿಡುತ್ತದೆ. ಇದನ್ನು ಯಾರೂ ಎನ್‌ಕ್ವೈರಿ ಎಂದು ಕರೆದಿಲ್ಲ. ಯಜಮಾನರಂತೂ ಅದನ್ನು 'ಹೆಂಗಸರ ಮಾತು' ಎನ್ನುತ್ತಾರೆ, ಮರುದಿನ ಅಣ್ಣನ ಮನೆಯಲ್ಲಿ ಅದನ್ನೇ ತಮ್ಮ ವರದಿಯಾಗಿ ಒಪ್ಪಿಸುತ್ತಾರೆ.

2005ರ ಮಾಹಿತಿ ಹಕ್ಕು ಕಾಯ್ದೆ ಈ ವರ್ಗಕ್ಕೆ ಸಿಕ್ಕ ದೊಡ್ಡ ವರವೂ ಹೌದು, ಪೆಟ್ಟೂ ಹೌದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರಿಗೆ ಸರ್ಕಾರ 30 ದಿನದೊಳಗೆ ಉತ್ತರಿಸಬೇಕು ಎಂಬುದು ಅವರು ಹಗಲುಗನಸಿನಲ್ಲೂ ಕಾಣದ ಭಾಗ್ಯ. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ, ಅದರ ಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಹಬ್ಬದ ಮೇಲೆ ಹಬ್ಬ. ಆದರೆ ಅದೇ ಕಾಯ್ದೆಯ 6ನೇ ಕಲಮು, ಅರ್ಜಿದಾರ ಮಾಹಿತಿ ಯಾಕೆ ಬೇಕೆಂದು ಕಾರಣ ಕೊಡಬೇಕಾಗಿಲ್ಲ ಎಂದುಬಿಟ್ಟಿದೆ. ಕಾರಣ ಹೇಳುವುದೇ ಎನ್‌ಕ್ವೈರಿಯ ಜೀವ. ಅದನ್ನೇ ಬೇಡವೆಂದರೆ ಹೇಗೆ? ಸಾಲದ್ದಕ್ಕೆ ಕರ್ನಾಟಕದ ನಿಯಮಗಳು ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಎಂದು ಕಟ್ಟು ಹಾಕಿವೆ. 150 ಪದದಲ್ಲಿ ಯಜಮಾನರು ಇನ್ನೂ ತಮ್ಮ ಹುದ್ದೆ, ನಿವೃತ್ತಿಯಾದ ವರ್ಷ ಮತ್ತು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಹಿರಿಮೆ ಮುಗಿಸಿರುವುದಿಲ್ಲ. ಚರಂಡಿಯ ಪ್ರಶ್ನೆ 151ನೇ ಪದಕ್ಕೆ ಬರಬೇಕಾದ್ದು. ಹಾಗಾಗಿ ನಗರಸಭೆಗೆ ತಲುಪುವ ಬಹಳಷ್ಟು ಅರ್ಜಿಗಳಲ್ಲಿ ಪ್ರಶ್ನೆಯೇ ಇರುವುದಿಲ್ಲ. ಇಂಥದಕ್ಕೆ ಸಾರ್ವಜನಿಕ ಮಾಹಿತಿ ಅಧಿಕಾರಿ 'ಅರ್ಜಿಯಲ್ಲಿ ಕೋರಿರುವ ಮಾಹಿತಿ ಸ್ಪಷ್ಟವಿಲ್ಲ' ಎಂದು ಬರೆದರೆ, ಮೇಲ್ಮನವಿಗೆ ಒಳ್ಳೆಯ ಆಧಾರ ಸಿಕ್ಕಿತೆಂದು ಯಜಮಾನರಿಗೆ ಸಂತೋಷ.

ಈ ತಳಿ ಅಳಿಯುತ್ತಿದೆ ಎಂಬ ಮಾತು ನಿಜವಲ್ಲ, ವೇಷ ಬದಲಾಗಿದೆ ಅಷ್ಟೆ. ಮಗ ವೈಟ್‌ಫೀಲ್ಡಿನ ಕಂಪನಿಯಲ್ಲಿದ್ದಾನೆ. ಅವನು ಎನ್‌ಕ್ವೈರಿ ಮಾಡುವುದಿಲ್ಲ, 'ಕ್ವೆರಿ ರೈಸ್' ಮಾಡುತ್ತಾನೆ. ಪಕ್ಕದ ಕುರ್ಚಿಯವನನ್ನು ಪಾಸ್‌ವರ್ಡ್ ಕೇಳುವುದಕ್ಕೂ ಟಿಕೆಟ್ ತೆಗೆಯುತ್ತಾನೆ, ಟಿಕೆಟ್ಟಿಗೆ ಸಂಖ್ಯೆ ಬರುತ್ತದೆ, ಎರಡು ದಿನ ಬಿಟ್ಟು 'ಜಸ್ಟ್ ಫಾಲೋಯಿಂಗ್ ಅಪ್' ಎಂದು ಬರೆಯುತ್ತಾನೆ. ವಿಷಯ, ಉಲ್ಲೇಖ, ಜ್ಞಾಪನ, ಎಲ್ಲವೂ ಅಪ್ಪನ ಕಾಲದ್ದೇ.

ಎನ್‌ಕ್ವೈರಿ ಎಂಬ ಪದ ಯಜಮಾನರ ಬಾಯಿಂದ ಹೊರಡದ ಸಂದರ್ಭ ಒಂದೇ ಒಂದು. 1957ರ ಸಿ.ಸಿ.ಎ. (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ಪ್ರಕಾರ ಸರ್ಕಾರಿ ನೌಕರನ ಮೇಲೆ ಇಲಾಖಾ ವಿಚಾರಣೆ ನಡೆಯುತ್ತದೆ. ದೋಷಾರೋಪಣ ಪಟ್ಟಿ, ವಿಚಾರಣಾಧಿಕಾರಿ, ಮಂಡನಾಧಿಕಾರಿ, ಎಲ್ಲ ಪರಿವಾರವೂ ಅದಕ್ಕಿದೆ. ಇದೂ ಎನ್‌ಕ್ವೈರಿಯೇ. ಆದರೆ ಕಚೇರಿಗಳಲ್ಲಿ 'ಡಿಪಾರ್ಟ್‌ಮೆಂಟಲ್ ಎನ್‌ಕ್ವೈರಿ' ಎಂದು ಇದನ್ನು ಯಾರೂ ಪೂರ್ತಿ ಉಚ್ಚರಿಸುವುದಿಲ್ಲ. 'ಡಿ.ಇ.' ಎಂದು ಎರಡಕ್ಷರದಲ್ಲಿ, ಅದೂ ದನಿ ತಗ್ಗಿಸಿ, "ಪಾಪ, ಅವರಿಗೆ ಡಿ.ಇ. ಆಗಿದೆಯಂತೆ" ಎನ್ನುತ್ತಾರೆ. ನಿವೃತ್ತಿಯಾದರೂ ಭಯ ತಕ್ಷಣ ಬಿಡುವುದಿಲ್ಲ. ಕರ್ನಾಟಕ ನಾಗರಿಕ ಸೇವಾ ನಿಯಮಗಳ 214ನೇ ನಿಯಮದಂತೆ, ನಿವೃತ್ತ ನೌಕರನ ಮೇಲೆ ಹೊಸದಾಗಿ ವಿಚಾರಣೆ ಹೂಡಬೇಕಾದರೆ ಆ ಘಟನೆ ನಾಲ್ಕು ವರ್ಷಕ್ಕಿಂತ ಹಿಂದಿನದಾಗಿರಬಾರದು. ರಾಜ್ಯದಲ್ಲಿ ನಿವೃತ್ತಿ ವಯಸ್ಸು 60. ಅಂದರೆ 64ರವರೆಗೆ ಯಜಮಾನರು ಮಿತಭಾಷಿಗಳು, ಬಸ್ ನಿಲ್ದಾಣದಲ್ಲಿಯೂ "ಅರಸೀಕೆರೆ ಬಸ್ಸು ಎಷ್ಟಕ್ಕಪ್ಪಾ?" ಎಂದೇ ಕೇಳುತ್ತಾರೆ. ಕೌಂಟರಿನ ಮುಂದೆ ಫೈಲು ಬಿಚ್ಚಿ ನಿಂತ ಪೂರ್ಣಪ್ರಮಾಣದ ಎನ್‌ಕ್ವೈರಿ ಯಜಮಾನರನ್ನು ಕಂಡರೆ, ಅವರಿಗೆ 64 ತುಂಬಿದೆಯೆಂದು ಧಾರಾಳವಾಗಿ ತಿಳಿಯಬಹುದು.